ಸುಬೇದಾರರ ಎರಡು ತಲೆಯ ಹಕ್ಕಿ

ಪ್ರತಿಯೊಂದು ಮನೆಯಲ್ಲೂ ದಿನಾ ಒರೆಸುವ, ಆದರೆ ಯಾರೂ ನೋಡದ ಒಂದು ವಸ್ತು ಇರುತ್ತದೆ. ಅದು ಅಲ್ಲಿತ್ತು ಅಂತ ಗೊತ್ತಾಗುವುದು ಅದು ಕಾಣೆಯಾದ ದಿನ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅಂಥದ್ದು ಶೋಕೇಸಿನ ನಡುಮಧ್ಯೆ ಕುಳಿತಿದ್ದ ಒಂದು ಹಿತ್ತಾಳೆಯ ಹಕ್ಕಿ. ಮದುವೆಯಾದ ಹೊಸತರಲ್ಲಿ ನಾನು ಅದನ್ನು ಹುಂಜ ಅಂದುಕೊಂಡಿದ್ದೆ. ಹುಣಸೆಹಣ್ಣು ಹಾಕಿ ತಿಕ್ಕುವಾಗ ಬೆರಳಿಗೆ ಎರಡು ಕೊಕ್ಕು ಚುಚ್ಚಿದ ಮೇಲೆ ಇದು ಗಂಡಭೇರುಂಡ ಅಂತ ತಿಳಿಯಿತು. ನನ್ನ ಕುತೂಹಲ ಅಲ್ಲಿಗೇ ಮುಗಿಯಿತು. ತಿಕ್ಕುವವಳಿಗೆ ತಲೆ ಎರಡಾದರೆ ಕೆಲಸವೂ ಎರಡು, ಅದರಾಚೆ ಪುರಾಣ ಕಟ್ಟಿಕೊಂಡು ಏನಾಗಬೇಕು?

ಹಕ್ಕಿ ನಮ್ಮವರದ್ದು. ನಮ್ಮವರು ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಉಡುಪಿ ಕಡೆಯ ಹಳ್ಳಿಯಿಂದ ಹೊರಟು, ಯಾವ್ಯಾವುದೋ ಗುಡ್ಡದ ಮೇಲೆ ಹಿಮ ತಿಂದು, ಕೊನೆಗೆ ಡೊಂಬಿವಲಿಗೆ ಬಂದು ನಿಂತರು. ಈಗ ಘಣಸೋಲಿಯ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಆಫೀಸರ್. ದಿನಾ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಹೋಗುತ್ತಾರೆ. ಆ ನೂಕುನುಗ್ಗಲಿನಿಂದಲೂ ಇಸ್ತ್ರಿ ಮುರಿಯದ ಅಂಗಿಯಲ್ಲಿ ಹೊರಬರುವ ಒಬ್ಬರೇ ಮನುಷ್ಯ ಇವರಿರಬೇಕು. ಮನೆಯಲ್ಲೂ ಅದೇ ಶಿಸ್ತು. ಹಾಲು ಉಕ್ಕಿದರೆ ಒಲೆ ಆರಿಸುವ ಮೊದಲು "ಯಾರ ಡ್ಯೂಟಿ ಇತ್ತು?" ಅಂತ ವಿಚಾರಣೆ. ಉಕ್ಕುವುದು ಹಾಲಿನ ಸ್ವಭಾವ ಅಂತ ನಾನು ವಾದಿಸಿದ್ದೂ ಉಂಟು, ಆದರೆ ನಮ್ಮ ಮನೆಯಲ್ಲಿ ಸ್ವಭಾವ ಎಂಬುದು ಸಮಜಾಯಿಷಿಯಲ್ಲ.

ವರ್ಷಕ್ಕೊಮ್ಮೆ ಮಾತ್ರ ಈ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಾಗುತ್ತಿತ್ತು. ಜನವರಿ ಇಪ್ಪತ್ತಾರರ ಬೆಳಿಗ್ಗೆ ನಮ್ಮ ಸೊಸೈಟಿಯಲ್ಲಿ ಬಾವುಟ ಹಾರಿಸುವವರು ಇವರು. ಕಡುನೀಲಿ ಕೋಟು, ಅದರ ಜೇಬಿನ ಮೇಲೆ ಇವರ ಪಲ್ಟನ್ನಿನ, ಅಂದರೆ ಸೇನಾ ತುಕಡಿಯ, ಬ್ಯಾಡ್ಜು, ಬ್ಯಾಡ್ಜಿನಲ್ಲಿ ಜರಿಯ ದಾರದ ಅದೇ ಎರಡು ತಲೆಯ ಹಕ್ಕಿ. "ಸಾವಧಾನ್!" ಅಂತ ಒಮ್ಮೆ ಕೂಗಿದರೆ ವಾಚ್‌ಮನ್ನಿನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿ ಸಾಠೆ ಕಾಕಾನವರೆಗೆ ಎಲ್ಲರೂ ನೆಟ್ಟಗೆ. ಪಾವ್ ಮಾರುವವನ ಸೈಕಲ್ ಕೂಡ ಗೇಟಿನ ಹೊರಗೆ ನಿಲ್ಲುತ್ತಿತ್ತು.

ಇಂಥ ಮನುಷ್ಯ ಒಂದು ನವೆಂಬರಿನಲ್ಲಿ ಪಲ್ಟನ್ನಿನ ಹಳಬರ ಕೂಟಕ್ಕೆಂದು ಉತ್ತರದ ಕಡೆ ಹೋದವರು, ಹೇಳಿದ್ದಕ್ಕಿಂತ ಮೊದಲೇ ತಿರುಗಿ ಬಂದರು. ಬಂದವರು ಚೀಲ ಇಟ್ಟು, ಶೋಕೇಸಿನ ಹಕ್ಕಿಯನ್ನು ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಅಟ್ಟದ ಮೇಲೆ, ಹಳೆಯ ಇಡ್ಲಿಪಾತ್ರೆಯ ಹಿಂದೆ ತಳ್ಳಿದರು. ಆಮೇಲೆ ನನ್ನ ಹೊಲಿಗೆ ಡಬ್ಬದಿಂದ ಬ್ಲೇಡು ತೆಗೆದು, ಕೋಟಿನ ಬ್ಯಾಡ್ಜನ್ನು ಕಿತ್ತರು. ಎಳೆದ ರಭಸಕ್ಕೆ ಜರಿಯೆಲ್ಲ ಬಿಚ್ಚಿ ಆ ಹಕ್ಕಿ ಪಾತ್ರೆ ತಿಕ್ಕಿ ತಿಕ್ಕಿ ಸವೆದ ಸ್ಕ್ರಬ್ಬರಿನ ಹಾಗೆ ಆಯಿತು.

"ಎಂತ ಆಯ್ತು ಅಂತ ಹೇಳ್ಲಿಕ್ಕೆ ಆಗುದಿಲ್ವಾ?" ಅಂತ ಕೇಳಿದೆ.

"ನೀನೊಮ್ಮೆ ಸುಮ್ನಿರು ಮಾರಾಯ್ತಿ."

ಸುಮ್ಮನಿರುವುದೆಂದರೆ ನನಗೆ ಜ್ವರ ಬಂದ ಹಾಗೆ. ಜಗಳವೇ? ಅವಮಾನವೇ? ಬಡಾಖಾನಾದಲ್ಲಿ, ಅಂದರೆ ಪಲ್ಟನ್ನಿನ ದೊಡ್ಡ ಊಟದಲ್ಲಿ, ಇವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರೇ? ಮದುವೆಗಳಲ್ಲಿ ಇದಕ್ಕಿಂತ ಸಣ್ಣ ಕಾರಣಕ್ಕೆ ಮೂರು ತಲೆಮಾರಿನ ಮಾತು ನಿಂತದ್ದನ್ನು ನಾನು ಕಂಡವಳು. ಕಾಲೇಜಿಗೆ ಹೋಗುವ ಮಗಳು ಗೌರಿಯನ್ನೂ ಗೂಢಚಾರಿಕೆಗೆ ಬಿಟ್ಟೆ. ಅವಳು ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಹೋಗಿ ಬಂದು, "ಪಪ್ಪಾ ಕುಛ್ ನಹೀ ಬೋಲ್ ರಹೇ" ಅಂದಳು. ಬಾಯಿ ಬಿಡುತ್ತಿಲ್ಲ ಅನ್ನುವಷ್ಟು ನನಗೂ ಗೊತ್ತಿತ್ತು.

ವಿಷಯ ಹೊರಬಿದ್ದದ್ದು ಒಂದು ಭಾನುವಾರ. ನಾನು ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದೆ. ಆ ಮಣೆ ನನ್ನ ಅಮ್ಮ ಕೊಟ್ಟದ್ದು, ಮುಂದಿನ ತುದಿಗೆ ಕುದುರೆಯ ಮೂತಿ ಕೆತ್ತಿದ್ದು, ಅದರ ಬಾಯಿಂದ ಹಲ್ಲಿನ ಕಬ್ಬಿಣ ಹೊರಬಂದಿದೆ. ಇವರು ಬಾಗಿಲಿಗೆ ಒರಗಿ ನಿಂತು ಆ ಕುದುರೆಗೇ ಹೇಳುವವರ ಹಾಗೆ ಶುರುಮಾಡಿದರು. ಪಲ್ಟನ್ನಿನ ಗೇಟಿನ ಮೇಲೆ ಇವರು ಭರ್ತಿಯಾಗುವ ಮೊದಲಿನಿಂದಲೂ ಒಂದು ಕಲ್ಲಿನ ಗಂಡಭೇರುಂಡ ಇತ್ತಂತೆ. ಈ ಸಲ ನೋಡಿದರೆ ಅದಿಲ್ಲ. ಅಲ್ಲಿ ನೀಲಿ ಬೋರ್ಡು, ಬೋರ್ಡಿನ ಮೇಲೆ ಒಂದು ನಕ್ಷತ್ರ. ಮೆಸ್ಸಿನ ಬೆಳ್ಳಿ ತಟ್ಟೆಯಿಂದಲೂ ಹಕ್ಕಿ ಹೋಗಿದೆ. ಕೇಳಿದರೆ ಒಬ್ಬ ಎಳೆಯ ಕ್ಯಾಪ್ಟನ್ ಬಹಳ ಮರ್ಯಾದೆಯಿಂದ, "ಸಾಬ್, ಪಲ್ಟನ್ ಈಗ ಇಡೀ ದೇಶದ್ದು. ಒಂದೇ ಪ್ರಾಂತದ ಗುರುತು ಯಾಕೆ?" ಅಂದನಂತೆ. ಕಲ್ಲಿನ ಹಕ್ಕಿ ಸ್ಟೋರಿನಲ್ಲಿ, ಕಾಲು ಮುರಿದ ಕುರ್ಚಿಗಳ ಜೊತೆ, ಮುಖ ಗೋಡೆಗೆ ಮಾಡಿಕೊಂಡು ನಿಂತಿತ್ತಂತೆ.

"ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ," ಎಂದರು. "ಆದ್ರೆ ನಮ್ಮನ್ನು ಒಂದು ಮಾತು ಕೇಳ್ಬಹುದಿತ್ತು. ನಾವು ಸತ್ತು ಹೋಗಿರ್ಲಿಲ್ಲ ಅಲ್ವಾ? ಹುಡುಗರು ಸತ್ತದ್ದು ಆ ಹಕ್ಕಿ ಹಾಕ್ಕೊಂಡು." ಬಾಗಿಲ ಚಿಲಕವನ್ನು ಹಾಕಿ ತೆಗೆದು ಮಾಡಿದರು. "ಅದೂ ಹೋಗ್ಲಿ. ಕೊನೆಗೆ ಆ ಕ್ಯಾಪ್ಟನ್ ಕೇಳಿದ, ಸಾಬ್, ಇದಕ್ಕೆ ಎರಡು ತಲೆ ಯಾಕೆ ಅಂತ. ನನಗೆ ಹೇಳ್ಲಿಕ್ಕೆ ಗೊತ್ತಾಗ್ಲಿಲ್ಲ."

ಇಲ್ಲಿ ಒಬ್ಬ ಒಳ್ಳೆಯ ಹೆಂಡತಿ ಏನು ಮಾಡಬೇಕಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಬಾಯಿ ನನ್ನದು. ಅರ್ಧ ತುರಿದ ಕಾಯಿಯ ಗಡಿ ಕೈಯಲ್ಲಿ ಹಿಡಿದುಕೊಂಡೇ, "ಹೌದಲ್ಲ, ಯಾಕೆ?" ಅಂದುಬಿಟ್ಟೆ. ಅವರು ತಿರುಗಿ ಹೊರಟುಹೋದರು. ಆ ಮಧ್ಯಾಹ್ನ ಹಪ್ಪಳ ಮುಟ್ಟಲಿಲ್ಲ. ನಮ್ಮವರು ಹಪ್ಪಳ ಬಿಟ್ಟರೆಂದರೆ ಅದು ಉಳಿದವರ ಉಪವಾಸ ಸತ್ಯಾಗ್ರಹಕ್ಕೆ ಸಮ.

ಹಚ್ಚಿದ ಬೆಂಕಿಯನ್ನು ಆರಿಸುವುದೂ ನನ್ನದೇ ಡ್ಯೂಟಿ ಎಂದುಕೊಂಡು ಎರಡು ತಲೆಯ ರಹಸ್ಯ ಹುಡುಕಲು ಹೊರಟೆ. ನಮ್ಮ ಕನ್ನಡ ಸಂಘದ ಪೂಜೆಗೆ ಬರುವ ಭಟ್ಟರು, ನರಸಿಂಹನ ಉಗ್ರಕೋಪ ಇಳಿಸಲು ಶಿವ ಶರಭನಾದ, ಶರಭನ ಉಗ್ರಕೋಪ ಇಳಿಸಲು ವಿಷ್ಣು ಗಂಡಭೇರುಂಡನಾದ ಎಂದರು. "ಮತ್ತೆ ಗಂಡಭೇರುಂಡನ ಉಗ್ರಕೋಪ ಇಳಿಸಿದ್ದು ಯಾರು ಭಟ್ರೇ?" ಅಂತ ಕೇಳಿದ್ದಕ್ಕೆ, "ಅಷ್ಟೆಲ್ಲ ಕೇಳುದಲ್ಲ ಅಮ್ಮ" ಅಂತ ಪ್ರಸಾದ ಕೊಟ್ಟರು. ವಾಶಿಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಚಿಕ್ಕಪ್ಪನ ಮಗನನ್ನು ಕೇಳಿದೆ. "ಒಂದು ತಲೆ ಗಲ್ಲಾ ನೋಡ್ಲಿಕ್ಕೆ, ಒಂದು ಅಡಿಗೆಕೋಣೆ ನೋಡ್ಲಿಕ್ಕೆ ಅಕ್ಕಾ. ನನಗೆ ಹಾಗೆ ಇದ್ದಿದ್ರೆ ಇಷ್ಟರಲ್ಲಿ ಇನ್ನೊಂದು ಬ್ರಾಂಚ್ ಆಗ್ತಿತ್ತು" ಅಂದ. ಇವರೂ ಗುಟ್ಟಾಗಿ ವಿಚಾರಿಸುತ್ತಿದ್ದರು ಅಂತ ಆಮೇಲೆ ತಿಳಿಯಿತು. ಘಣಸೋಲಿಯಲ್ಲಿ ಇವರ ಕೈಕೆಳಗಿನ ವಿಜಯಪುರದ ಗಾರ್ಡು, "ಅದರಾಗೇನೈತ್ರಿ ಸಾಹೇಬ್ರ, ಒಂದ್ ತಲಿ ನಿದ್ದಿ ಮಾಡಿದ್ರ ಇನ್ನೊಂದ್ ತಲಿ ಡ್ಯೂಟಿ ಮಾಡ್ತೈತ್ರಿ" ಅಂದನಂತೆ. ಅಂದಿನಿಂದ ಇವರು ಅವನ ಪಾಳಿಯಲ್ಲಿ ಹೇಳದೆ ಕೇಳದೆ ಹೋಗಿ ನೋಡತೊಡಗಿದರು.

ಹೀಗೆ ಡಿಸೆಂಬರ್ ಮುಗಿಯುತ್ತ ಬಂತು. ಸಾಠೆ ಕಾಕಾ ಎಂದಿನಂತೆ ಬಾವುಟದ ವಿಷಯ ಮಾತಾಡಲು ಮನೆಗೆ ಬಂದರು. ಇವರು, "ಈ ವರ್ಷ ಬೇರೆ ಯಾರನ್ನಾದರೂ ನೋಡಿ" ಎಂದುಬಿಟ್ಟರು. ಸಾಠೆ ಕಾಕಾ ನನ್ನ ಮುಖ ನೋಡಿದರು, ನಾನು ಶೋಕೇಸಿನ ಖಾಲಿ ಜಾಗ ನೋಡಿದೆ. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಕೋಪ ಬಂದರೆ ಇಳಿಯುತ್ತದೆ, ಅದು ನನಗೆ ಅಭ್ಯಾಸ. ಈ ಮನುಷ್ಯ ತನ್ನ ಜೀವಮಾನದ ಕೆಲಸವನ್ನೇ ಪೇಪರಿನಲ್ಲಿ ಸುತ್ತಿ ಮೇಲಿಟ್ಟುಬಿಟ್ಟರೆ ನಾನು ಯಾರ ಜೊತೆ ಬಾಳುವುದು? ಸ್ಟೂಲು ಹಾಕಿ, ಇಡ್ಲಿಪಾತ್ರೆ ಸರಿಸಿ, ಹಕ್ಕಿಯನ್ನು ಕೆಳಗಿಳಿಸಿ ಸಾಠೆ ಕಾಕಾನ ಮುಂದಿಟ್ಟು, ಇದೇ ನೋಡಿ ಜಗಳದ ಮೂಲ ಅಂದೆ.

ಸಾಠೆ ಕಾಕಾ ಕನ್ನಡಕ ಏರಿಸಿ ನೋಡಿದರು. "ಅರೆ! ಹಾ ತರ್ ಆಮ್ಚಾ ಆಹೇ!" ಅಂತ ಕೂಗಿದರು. ಇದು ನಮ್ಮದು!

"ನಿಮ್ಮದು ಹೇಗೆ? ಕರ್ನಾಟಕದ್ದು," ಎಂದು ಇವರು ಎದ್ದು ನಿಂತರು. ವಾರಗಳ ನಂತರ ಆ ದನಿಗೆ ಜೀವ ಬಂದಿತ್ತು.

ಸಾಠೆ ಕಾಕಾ ಬಿಡುವವರಲ್ಲ. ಅವರಿಗೆ ಕೋಟೆ ಹತ್ತುವ ಹುಚ್ಚು. ಅವರು ಹತ್ತಿದ ಒಂದು ಕೋಟೆಯ ಬಾಗಿಲ ಮೇಲೆ ಇದೇ ಹಕ್ಕಿ ಇದೆಯಂತೆ, ಬೇಕಾದರೆ ತೋರಿಸುತ್ತೇನೆ ಎಂದರು. ಇವರು ತೋರಿಸಿ ಎಂದರು. ಸವಾಲು ಹಾಕಿದ್ದು ಗಂಡಸರು, ಬೆಳಿಗ್ಗೆ ಬೇಗ ಎದ್ದು ಬಾಳೆಹಣ್ಣಿನ ಬನ್ಸ್ ಕರಿದು ಕಟ್ಟಿಕೊಂಡು ಬೆಟ್ಟ ಹತ್ತಿದ್ದು ನಾನೂ ಕೂಡ. ಮೊಣಕಾಲು ಹಿಡಿದುಕೊಂಡು ನಡುನಡುವೆ ಕುಳಿತೆ. ಎರಡು ತಲೆಯ ಬದಲು ನನ್ನನ್ನು ಹೊತ್ತು ಹತ್ತಿಸುವ ನಾಲ್ಕು ಕಾಲಿನ ದೇವರನ್ನು ಹುಡುಕಬಾರದಿತ್ತೇ ಅನ್ನಿಸಿತು.

ಬಾಗಿಲ ಮೇಲೆ ಹಕ್ಕಿ ಇತ್ತು. ರೆಕ್ಕೆ ಇತ್ತು, ಉಗುರಿತ್ತು, ಆದರೆ ಒಂದು ತಲೆ ಮಳೆಗಾಳಿಗೆ ಸವೆದು ಬರೀ ಉಬ್ಬಾಗಿ ಉಳಿದಿತ್ತು. ಸಾಠೆ ಕಾಕಾನ ಮುಖ ಸಣ್ಣದಾಯಿತು. "ಮೊದಲು ಎರಡಿತ್ತು, ದೇವರಾಣೆ" ಎಂದರು. ಇವರು ಒಮ್ಮೆಲೇ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ, "ಎರಡು ತಲೆ ಯಾಕೆ ಅಂತ ನಿಮಗಾದರೂ ಗೊತ್ತೇ?" ಅಂತ ಹಿಂದಿಯಲ್ಲಿ ಕೇಳಿದರು. ಸಾಠೆ ಕಾಕಾ ಭುಜ ಕುಣಿಸಿ, "ಕಾಯ್ ಮಾಹೀತ್!" ಅಂದರು. ಯಾರಿಗೆ ಗೊತ್ತು! ಗೊತ್ತಿಲ್ಲದವರು ಇನ್ನೊಬ್ಬರು ಸಿಕ್ಕಿದ್ದು ಇವರಿಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ತಮ್ಮ ಪಾಲಿನ ಬನ್ಸಿನಲ್ಲಿ ಒಂದನ್ನು ಸಾಠೆ ಕಾಕಾನಿಗೇ ಕೊಟ್ಟರು.

ಅಲ್ಲಿ ಮೆಟ್ಟಿಲ ಮೇಲೆ ಕುಳಿತು, ಇಷ್ಟು ವರ್ಷದಲ್ಲಿ ನನಗೆ ಹೇಳದ ಒಂದು ಮಾತು ಹೇಳಿದರು. ಭರ್ತಿಯಾಗಿ ಹೋದಾಗ ಇವರಿಗೆ ಹಿಂದಿಯ ಒಂದು ಅಕ್ಷರ ಬರುತ್ತಿರಲಿಲ್ಲ. ರೈಲಿಳಿದು ಪೆಟ್ಟಿಗೆ ಹೊತ್ತು ಗೇಟಿಗೆ ಬಂದರೆ ಸುತ್ತಲೂ ಬೈಗುಳ, ಯಾವುದೂ ಅರ್ಥವಾಗದು. ತಲೆ ಎತ್ತಿದರೆ ಮೇಲೆ ಆ ಹಕ್ಕಿ. ಇವರ ಕಿಸೆಯಲ್ಲಿದ್ದ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ ಕಾರ್ಡಿನ ಮೇಲಿದ್ದ ಹಕ್ಕಿಯೇ. "ಊರಿನವರೊಬ್ಬರು ಮೊದಲೇ ಬಂದು ಕೂತ ಹಾಗೆ ಆಯ್ತು," ಎಂದರು. ಇಷ್ಟು ವರ್ಷ ನಾನು ಹುಣಸೆಹಣ್ಣು ಹಾಕಿ ತಿಕ್ಕಿದ್ದು ಆ ಊರಿನವರನ್ನು.

ಹಕ್ಕಿ ಶೋಕೇಸಿಗೆ ಮರಳಿತು. ಬಾವುಟದ ಬಗ್ಗೆ ಮಾತ್ರ ಇವರು "ನೋಡುವ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಾನು ಕಾಯಲಿಲ್ಲ. ಹಕ್ಕಿಯನ್ನೂ ಕೋಟನ್ನೂ ಚೀಲದಲ್ಲಿ ಹಾಕಿಕೊಂಡು ಉಲ್ಹಾಸನಗರಕ್ಕೆ, ಮದುವೆ ರವಿಕೆಗಳಿಗೆ ಜರಿ ಕೆಲಸ ಮಾಡುವ ಒಬ್ಬ ಸಿಂಧಿ ಭಾಯಿಯ ಅಂಗಡಿಗೆ ಹೋದೆ. ಅವನು ಹಕ್ಕಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಭಾಭೀಜಿ, ತೋತಾ ಹೈ ಕಿ ಮೋರ್?" ಎಂದ. ಗಿಳಿಯೂ ಅಲ್ಲ ನವಿಲೂ ಅಲ್ಲಪ್ಪ, ಇದ್ದ ಹಾಗೆ ಮಾಡು, ಅಷ್ಟೇ ಅಂದೆ. ತರಲು ಹೋಗಿ ನೋಡುತ್ತೇನೆ, ಕೋಟಿನ ಜೇಬಿನ ಮೇಲೆ ಎರಡು ತಲೆಗೂ ಹಸಿರು ಕಣ್ಣು, ಬಾಲದ ತುಂಬ ಸಾಲಾಗಿ ಮುತ್ತು! ಯಾಕಪ್ಪಾ ಹೀಗೆ ಎಂದರೆ, "ಖಾಲಿ ಖಾಲಿ ದಿಖ್ ರಹಾ ಥಾ" ಅಂತ ನಕ್ಕ. ಮುತ್ತಿಗೆ ಅವನು ಬೇರೆ ಕಾಸು ಕೇಳಲಿಲ್ಲ, ಅದಕ್ಕೇ ಬೈಯಲೂ ಆಗಲಿಲ್ಲ.

ಇಪ್ಪತ್ತಾರರ ಬೆಳಿಗ್ಗೆ ಕೋಟನ್ನು ಕಪಾಟಿನ ಬಾಗಿಲಿಗೆ ತೂಗುಹಾಕಿ ನಾನು ಅಡುಗೆಮನೆಯಲ್ಲಿ ಅಡಗಿದೆ. ಕೆಳಗೆ ಕುರ್ಚಿ ಹಾಕುವ ಸದ್ದು ಕೇಳುತ್ತಿತ್ತು. ಇವರು ಬಂದು ಕೋಟಿನ ಮುಂದೆ ನಿಂತರು.

"ಇದಕ್ಕೆ ಬಾಲದಲ್ಲಿ ಮುತ್ತು ಎಂತಕ್ಕೆ?"

"ಉಲ್ಹಾಸನಗರದವನಿಗೆ ಖಾಲಿ ಕಂಡಿತಂತೆ," ಅಂದೆ ಒಳಗಿನಿಂದಲೇ.

"ಅವನು ಸೇರ್ಸಿದ್ದಾದ್ರೂ ಹೌದು. ತೆಗೀಲಿಲ್ಲ." ಅಂತ ಕೋಟಿಗೆ ಕೈ ತೂರಿಸಿದರು. ಗುಂಡಿ ಹಾಕುತ್ತ, "ಬಾವುಟಕ್ಕೆ ಹೋಗ್ತೇನೆ. ಆ ಕೂಟಕ್ಕೆ ಮಾತ್ರ ಇನ್ನು ಹೋಗುದಿಲ್ಲ, ನೀನು ಒತ್ತಾಯ ಮಾಡ್ಬೇಡ" ಎಂದರು. ನಾನು ಒತ್ತಾಯ ಮಾಡಲಿಲ್ಲ. ಎಲ್ಲ ಬಿರುಕನ್ನೂ ಮುಚ್ಚಲು ನಾನೇನು ಸಿಮೆಂಟಿನ ಚೀಲವೇ? "ಸಾವಧಾನ್" ಅಂದಾಗ ಆ ದನಿ ಒಂದು ಚೂರು ಒಡೆಯಿತು. ಪಾವ್‌ನವನ ಸೈಕಲ್ ಮಾತ್ರ ಎಂದಿನಂತೆ ನಿಂತಿತು. ಮಿಠಾಯಿ ಹಂಚುವಾಗ ಸಾಠೆ ಕಾಕಾನ ಮೊಮ್ಮಗಳು ಮುತ್ತು ಮುಟ್ಟಿ, ಈ ಹಕ್ಕಿಗೆ ಎರಡು ತಲೆ ಯಾಕೆ ಅಂತ ಕೇಳಿದಳು. "ಗೊತ್ತಿಲ್ಲ ಬೇಟಾ, ಕೇಳ್ತಾ ಇದ್ದೇನೆ" ಅಂತ ಇವರು ನೆಟ್ಟಗೆ ನಿಂತೇ ಉತ್ತರ ಕೊಟ್ಟರು.

ಗಂಡಸರು ಒಂದು ಹಕ್ಕಿಗಾಗಿ ಇಷ್ಟು ಒದ್ದಾಡುತ್ತಾರಲ್ಲ ಅಂತ ನಾನು ಆಮೇಲೆ ಬಂಧುಬಳಗಕ್ಕೆಲ್ಲ ಫೋನು ಮಾಡಿ ನಕ್ಕೆ. ನಕ್ಕ ಬಾಯಿ ಮುಚ್ಚುವ ಮೊದಲೇ ಗೌರಿ, ಅಡುಗೆಮನೆಯನ್ನು ಮಾಡ್ಯುಲರ್ ಮಾಡಿಸೋಣ ಎಂದು ಹಟ ಹಿಡಿದು ಅಳತೆಗೆ ಒಬ್ಬ ಹುಡುಗನನ್ನು ಕರೆಸಿದಳು. ಅವನ ಯಾವ ಡ್ರಾಯರಿನಲ್ಲೂ ನನ್ನ ಹೆರೆಮಣೆ ಹಿಡಿಸಲಿಲ್ಲ. "ಮಮ್ಮಿ, ಇಸೇ ಉಪರ್ ರಖ್ ದೇತೇ ಹೈ ನಾ," ಅಂತ ಅವಳು ಅದನ್ನು ಅಟ್ಟಕ್ಕೆ ಎತ್ತಲು ಹೋದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದು ನಮ್ಮ ಊರಿನದ್ದು, ನಮ್ಮ ಅಮ್ಮ ಕೊಟ್ಟದ್ದು, ನನ್ನನ್ನು ಒಂದು ಮಾತು ಕೇಳಬಾರದೇ, ನಾನು ಸತ್ತುಹೋಗಿದ್ದೇನೆಯೇ ಅಂತ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗೌರಿ ಹೆದರಿ ಅದನ್ನು ಕೆಳಗಿಟ್ಟಳು. ಇಟ್ಟವಳು ಬಗ್ಗಿ ನೋಡಿ, ಹುಟ್ಟಿದಂದಿನಿಂದ ಮೊದಲ ಸಲವೋ ಏನೋ, ಕನ್ನಡದಲ್ಲಿ ಕೇಳಿದಳು. "ಅಮ್ಮಾ, ತೆಂಗಿನಕಾಯಿ ತುರಿಯುವುದಕ್ಕೆ ಕುದುರೆ ಮುಖ ಯಾಕೆ?"

ನಾನು ಸೆರಗಿನಿಂದ ಕುದುರೆಯ ಮೂತಿ ಒರೆಸತೊಡಗಿದೆ.

ಅದೇ ಹೊತ್ತಿಗೆ ನಮ್ಮವರು ಪೇಪರು ಮಡಿಸುತ್ತ ಬಾಗಿಲಿಗೆ ಬಂದು ನಿಂತರು. ಕುದುರೆಯನ್ನು ನೋಡಿದರು, ನನ್ನನ್ನು ನೋಡಿದರು. "ಹೌದಲ್ಲ, ಯಾಕೆ?" ಎಂದರು.

ಆ ಮಧ್ಯಾಹ್ನ ಹಪ್ಪಳ ಕರಿದದ್ದು ನಾನೇ. ಈ ಸಲ ಮುಟ್ಟದವಳೂ ನಾನೇ.