ಬೀಗರಿಗೆಂದು ತೆಗೆದಿರಿಸಿದ ಎ.ಸಿ.

ನಮ್ಮ ಮನೆಯಲ್ಲಿ ಒಳ್ಳೆಯದೆಲ್ಲ ಬೇರೆಯವರದು. ಪಿಂಗಾಣಿ ಕಪ್ಪುಗಳು ನೆಂಟರವು, ನಾವು ಕಾಫಿ ಕುಡಿಯುವುದು ಸ್ಟೀಲ್ ಲೋಟದಲ್ಲಿ. ಗಂಧದ ಸೋಪು ಬಂದವರ ಕೈಗೆ, ನಮಗೆ ಅದರ ಡಬ್ಬಿಯ ವಾಸನೆ. ಹೂವಿನ ಚಿತ್ತಾರದ ಬೆಡ್‌ಶೀಟೊಂದು ಬೀರುವಿನಲ್ಲಿ ಮಡಿಸಿಟ್ಟಲ್ಲೇ ಇದ್ದು, ಯಾರೂ ಮಲಗದೆಯೇ ಮಡಿಕೆಯುದ್ದಕ್ಕೂ ಹರಿಯಿತು. ಇದನ್ನು ಜಿಪುಣತನ ಎನ್ನುವವರಿದ್ದಾರೆ. ನಾನು ಜೋಪಾನ ಎನ್ನುತ್ತೇನೆ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಕೇಳಿದವರಿಗೆ ಕೇಳಿದ ತಕ್ಷಣ ಕೊಡದೆ ಇರುವುದೇ ಅಲ್ಲಿ ನನ್ನ ಕೆಲಸ. ಇಷ್ಟು ವರ್ಷ ಸಂಬಳ ಪಡೆದು ಮಾಡಿದ ಕೆಲಸವನ್ನು ಮನೆಗೆ ಬಂದ ಕೂಡಲೇ ಮರೆತುಬಿಡುವುದು ಯಾರಿಂದಲೂ ಆಗದು.

ಕಾರು ಕೊಂಡಾಗ ಅದರೊಳಗೆ ಎ.ಸಿ.ಯೂ ಇತ್ತು. ನಾನೇನೂ ಬೇಕೆಂದು ಕೇಳಿರಲಿಲ್ಲ. ಇದ್ದ ಮೇಲೆ ಅದೂ ಪಿಂಗಾಣಿ ಕಪ್ಪಿನ ಸಾಲಿಗೆ ಸೇರಿತು. ಹಾಕಿದರೆ ಮೈಲೇಜು ಬೀಳುತ್ತದೆ, ಮೈಸೂರಿನಲ್ಲಿ ಅದರ ಅಗತ್ಯವೂ ಇಲ್ಲ ಎಂದು ಮನೆಯವರಿಗೆ ತಿಳಿಹೇಳಿದ್ದೆ. ಆದರೆ ನಮ್ಮೂರಿನ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಪರಿಚಯದವರ ಕಾರು ಪಕ್ಕದಲ್ಲಿ ನಿಂತರೆ ನಮ್ಮ ಗಾಜುಗಳನ್ನೆಲ್ಲ ಏರಿಸುತ್ತಿದ್ದೆ. ಹಸಿರು ದೀಪ ಬರುವವರೆಗೆ ಒಳಗೆ ಮೂವರೂ ಬೆವರುತ್ತಾ, ತಂಪಾಗಿರುವವರ ಮುಖ ಮಾಡಿಕೊಂಡು ಕೂತಿರುತ್ತಿದ್ದೆವು. ನನ್ನ ಹೆಂಡತಿ ಸರಳಾ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ, ನಾನು ಹೇಳುವ ಮುಂಚೆಯೇ ಸೆರಗನ್ನು ಹೊದ್ದುಕೊಳ್ಳುತ್ತಿದ್ದಳು.

ಹೀಗಿರುವಾಗ ಈ ಬೇಸಿಗೆಯಲ್ಲಿ ಮಗಳು ರಶ್ಮಿಗೆ ಸಂಬಂಧ ಕೂಡಿ ಬಂತು. ಹುಡುಗ ಅವಳು ಪಾಠ ಹೇಳುವ ಕಾಲೇಜಿನಲ್ಲೇ ಪಾಠ ಹೇಳುವವನು, ಅವಳೇ ಒಪ್ಪಿದವನು. ಅವನ ತಂದೆತಾಯಿ ಬಳ್ಳಾರಿಯಿಂದ ಭಾನುವಾರ ರೈಲಿನಲ್ಲಿ ಬಂದು, ನಮ್ಮ ಮನೆ ನೋಡಿ, ಮಾತು ಮುಗಿಸಿ ಹೋಗುವುದೆಂದಾಯಿತು. ರಶ್ಮಿ ಹೆಚ್ಚು ಮಾತಿನವಳಲ್ಲ. ಅಂದು ನನ್ನ ಪಕ್ಕ ಬಂದು ಕೂತು, "ಅಪ್ಪ, ಸ್ಟೇಷನ್ನಿಂದ ಕರ್ಕೊಂಡ್ ಬರುವಾಗ ಎ.ಸಿ. ಹಾಕಿ. ಅವತ್ತೊಂದಿನ. ನಮ್ಮನ್ನ ಏನಂದ್ಕೊಳ್ತಾರೋ ಅಂತ ನಂಗೆ ಭಯ" ಎಂದಳು. ಅವಳ ಧ್ವನಿ ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಬೀಗರಿಗೆ ಹಾಕದೆ ಇನ್ಯಾರಿಗೆ ಹಾಕುತ್ತೇನೆ, ಇಷ್ಟು ದಿನ ಇಟ್ಟುಕೊಂಡದ್ದು ಯಾಕೆ ಎಂದು ಧೈರ್ಯ ಹೇಳಿ, ಹೋಗಿ ಗುಂಡಿ ಒತ್ತಿದೆ. ಒಲೆಯ ಮುಂದೆ ಬಗ್ಗಿದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅಂಥ ಗಾಳಿ ಬಂತು.

ಬಾನೆಟ್ ಎತ್ತಿದೆ. ಕೆಟ್ಟ ಕಾರಿನ ಬಾನೆಟ್ ಎತ್ತಿ ನೋಡುವುದು ಗಂಡಸರ ಒಂದು ಆಚಾರ, ಅದರಿಂದ ಏನಾದರೂ ಗೊತ್ತಾಗಬೇಕೆಂದೇನೂ ಇಲ್ಲ. ಬ್ಯಾಟರಿ ಗುರುತು ಸಿಕ್ಕಿತು. ವೈಪರ್ ನೀರಿನ ಡಬ್ಬಿಯೂ ಸಿಕ್ಕಿತು. ಸುಮ್ಮನೆ ಮುಚ್ಚುವುದು ಸರಿಯಲ್ಲವೆಂದು ಅದಕ್ಕೆ ಒಂದು ಚೆಂಬು ನೀರು ಹಾಕಿ ಮುಚ್ಚಿದೆ. ಎ.ಸಿ. ಮೇಲೆ ಇದರ ಪರಿಣಾಮವೇನೂ ಆಗಲಿಲ್ಲ.

ಹಿನಕಲ್ಲಿನ ನಮ್ಮ ಮನೆಯ ಹತ್ತಿರವೇ ಕಾರಿನ ಎ.ಸಿ. ರಿಪೇರಿ ಮಾಡುವ ಮಾದೇವು ಎಂಬವನ ಶೆಡ್ಡಿದೆ. ಅವನು ಕೈಗಿಂತ ಬಾಯಿ ಹೆಚ್ಚು ಆಡಿಸುವ ಮನುಷ್ಯ. ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಮುಗಿಯಿತು, ಬೀಗರು ಸ್ವೆಟರ್ ಕೇಳುತ್ತಾರೆ ಎಂದು ಭರವಸೆ ಕೊಟ್ಟು ತುಂಬಿಸಿದ. ಕಾರು ಊಟಿಯಾಯಿತು. ಆದರೆ ಎರಡೇ ದಿನದಲ್ಲಿ ಊಟಿ ಮತ್ತೆ ಒಲೆಯಾಯಿತು. ವಾಪಸು ಹೋದರೆ, ಅವನು ಸ್ವಲ್ಪವೂ ಅಳುಕದೆ, ಎಲ್ಲೋ ಸೋರುತ್ತಿರಬೇಕೆಂದು ತನಗೆ ಮೊದಲೇ ಅನುಮಾನವಿತ್ತು ಎಂದ. ಈ ಸಲ ಗ್ಯಾಸಿನ ಜೊತೆ ಒಂದು ಬಣ್ಣ ಸೇರಿಸಿ, ಎ.ಸಿ. ಓಡಿಸಿ, ಶೆಡ್ಡಿನ ಬಾಗಿಲು ಮುಚ್ಚಿ ಕತ್ತಲೆ ಮಾಡಿಕೊಂಡು, ನೀಲಿ ಟಾರ್ಚು ಹಿಡಿದು ಪೈಪುಗಳನ್ನೆಲ್ಲ ಹುಡುಕಿದ. ಸೋರುವ ಕಡೆ ಬಣ್ಣ ಹೊಳೆಯುತ್ತದಂತೆ. ಕೊನೆಗೆ ಕಂಪ್ರೆಸರಿನ ಬಾಯಿಯ ಬಳಿ ಹಸಿರಾಗಿ ಹೊಳೆಯಿತು. ಅಲ್ಲಿರುವ ರಬ್ಬರಿನ ಸೀಲು ಒಣಗಿ ಬಿರುಕು ಬಿಟ್ಟಿತ್ತು. ಎ.ಸಿ. ಆಗಾಗ ಓಡುತ್ತಿದ್ದರೆ ಒಳಗಿನ ಎಣ್ಣೆ ತಿರುಗಾಡಿ ರಬ್ಬರನ್ನು ಹಸಿಯಾಗಿಡುತ್ತದಂತೆ, ಓಡದಿದ್ದರೆ ಒಣಗುತ್ತದಂತೆ.

ತಯಾರಿಸಿದವರದೇ ತಪ್ಪು ಎಂಬ ಮಾತು ಅವನ ಬಾಯಿಂದ ಬರಲೆಂದು ನಾನು ಕಾಯುತ್ತಿದ್ದೆ. ಅವನು ಟಾರ್ಚು ಆರಿಸಿ, "ಫಾರಿನ್‌ಗೆ ಗೀರಿನ್‌ಗೆ ಓಗಿದ್ರಾ ಸಾರ್? ಗಾಡಿ ವರ್ಷಾನುಗಟ್ಲೆ ನಿಂತ್‌ಬುಟ್ಟಿತ್ತಾ?" ಎಂದು ಕೇಳಿದ.

ತಪ್ಪಿಸಿಕೊಳ್ಳಲು ಅದೊಂದು ಗೌರವದ ದಾರಿ. ಹೌದು ಎಂದುಬಿಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ, ತರಕಾರಿ ಚೀಲ ಹಿಡಿದು ನನ್ನ ಜೊತೆ ಬಂದಿದ್ದ ಸರಳಾ, "ಇಲ್ಲಪ್ಪ, ಇಲ್ಲೇ ಇದ್ರು" ಎಂದಳು. ಮಾದೇವು ನನ್ನನ್ನೊಮ್ಮೆ, ಕಾರಿನ ಸೀಟುಗಳ ಮೇಲೆ ಇನ್ನೂ ಇದ್ದ ಪ್ಲಾಸ್ಟಿಕ್ ಹೊದಿಕೆಯನ್ನೊಮ್ಮೆ ನೋಡಿ, ಅವತ್ತು ಮೊದಲ ಸಲ ಬಾಯಿಯ ಬದಲು ಕೈ ಆಡಿಸತೊಡಗಿದ.

ಸೀಲು ಮೈಸೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ತರಿಸಬೇಕು, ಬಂದರೆ ಬಂತು ಎಂದ. ರಶ್ಮಿ ದಿನಾ ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುವ ಮುಂಚೆ ನನ್ನ ಮುಖ ನೋಡುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ. ಒಂದು ಎ.ಸಿ.ಯನ್ನು ಬಚ್ಚಿಡಲು ಹೋಗಿ ಮಗಳ ಮದುವೆಗೆ ಕಲ್ಲು ಹಾಕಿದೆನೇನೋ ಎಂದು ಊಟ ಸೇರದಾಯಿತು. ಶನಿವಾರ ಸಂಜೆ ಸೀಲು ಬಂತು. ಮಾದೇವು ಅದನ್ನು ಕೂರಿಸಿ, ಗ್ಯಾಸ್ ತುಂಬಿ, ಇನ್ನು ಮುಂದೆ ಬೇಕಿರಲಿ ಬೇಡದಿರಲಿ ವಾರಕ್ಕೊಮ್ಮೆಯಾದರೂ ಓಡಿಸಬೇಕೆಂದು ನನಗಲ್ಲ, ಸರಳಾಳಿಗೆ ಹೇಳಿ ಕಳಿಸಿದ.

ಭಾನುವಾರ ಮನೆಯಿಂದಲೇ ಎ.ಸಿ. ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ಬೀಗರು ಮುಂದೆ ಕೂತರು, ಬೀಗಿತ್ತಿ ಹಿಂದೆ. ಬಿಸಿಲು ಸುಡುತ್ತಿತ್ತು, ಒಳಗೆ ಹಿತವಾಗಿತ್ತು. ಹೊಗಳಿಕೆ ಬಂದರೆ ಹೇಗೆ ಸ್ವೀಕರಿಸುವುದೆಂದು ಯೋಚಿಸುತ್ತಾ ಗೇರು ಬದಲಿಸಿದೆ. ಬೀಗರು ಎ.ಸಿ.ಯ ಗುಂಡಿಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಯಾಕ್ರೀ ಬೀಗರೇ ಇದು? ಎಣ್ಣಿ ತಿಂತೈತಿ. ಬಂದ್ ಮಾಡ್ರಿ, ಹೊರಗ ಪುಕ್ಕಟೆ ಗಾಳಿ ಐತಿ."

ಪರವಾಗಿಲ್ಲ, ಇರಲಿ ಎಂದೆ. ಅವರು ನನ್ನ ಒತ್ತಾಯಕ್ಕೆ ಕಾಯದೆ ತಾವೇ ಕೈ ಚಾಚಿ ಅದನ್ನು ಆರಿಸಿ, ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಮೈಸೂರು ಚೆನ್ನಾಗಿದೆ ಎಂದರು. ದಾರಿಯುದ್ದಕ್ಕೂ ಲಾರಿಗಳ ಹೊಗೆಯೂ ಧೂಳೂ ಪುಕ್ಕಟೆಯಾಗಿಯೇ ಬಂದವು. ನನಗೆ ಇಷ್ಟು ಸಿಟ್ಟು ಬಂದು ಎಷ್ಟೋ ಕಾಲವಾಗಿತ್ತು.

ಮಾತೆಲ್ಲ ಚೆನ್ನಾಗಿಯೇ ನಡೆಯಿತು. ಮದುವೆ ಗೊತ್ತಾಯಿತು, ರಶ್ಮಿಯ ಮುಖ ಅರಳಿತು. ಊಟವಾಗಿ ಬೀಗರು ಅಡ್ಡಾದ ಮೇಲೆ ನಾನು ಮೆಲ್ಲಗೆ ಅಡುಗೆಮನೆಗೆ ಹೋಗಿ, ಸರಳಾಳಿಗೆ ನಡೆದದ್ದನ್ನೆಲ್ಲ ಹೇಳಿ, "ಇಂಥಾ ಜಿಪುಣರ ಮನೇಲಿ ಹುಡುಗಿ ಹೆಂಗೆ ಬಾಳ್ತಾಳೆ ಕಣೇ?" ಎಂದೆ.

ಅವಳು ಪಿಂಗಾಣಿ ಕಪ್ಪು ಒರೆಸುತ್ತಾ, ನನ್ನ ಕಡೆ ತಿರುಗದೆಯೇ, "ನಮ್ಮಪ್ಪನೂ ಹಿಂಗೇ ಅಂದಿದ್ರು. ನಾನೇ ಪರವಾಗಿಲ್ಲ ಬಿಡಿ ಅಂದಿದ್ದೆ" ಎಂದಳು.

ಅವರಪ್ಪ ಯಾವ ಹುಡುಗನ ವಿಷಯದಲ್ಲಿ ಹಾಗೆ ಅಂದಿದ್ದರೆಂದು ನಾನಿನ್ನೂ ಕೇಳಿಲ್ಲ.