ಒಂಬತ್ತು ಮಡಕೆ, ಒಂದೇ ಕೆಂಪು ರಿಬ್ಬನ್

ಅಟ್ಲಾಸ್ ಬೆಟ್ಟದ ತಿರುವುಗಳಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವನು ನಾನು. ಒಳಗೆ ಅರವತ್ತು ಜನ, ಮೇಲೆ ನಲವತ್ತು ಮೇಕೆ, ಎಡಕ್ಕೆ ಬಂಡೆ, ಬಲಕ್ಕೆ ಪಾತಾಳ. ಅಷ್ಟಾದರೂ ಒಂದು ಮೇಕೆಗೂ ತಲೆ ಸುತ್ತಿದ ದಾಖಲೆ ಇಲ್ಲ. ಇಂಥ ಮಹಾಪುರುಷನಿಗೆ ಒಂದು ಮಡಕೆ ಮಾಂಸ ಬೇಯಿಸುವುದು ಯಾವ ಲೆಕ್ಕ! ಹಾಗಾಗಿ ಆ ಗುರುವಾರ ಸಂಜೆ ಪುದೀನ ಚಹಾದ ಲೋಟವನ್ನು ತಟ್ಟೆಯ ಮೇಲೆ ಕುಕ್ಕಿ ಘೋಷಿಸಿದೆ:

"ನಾಳೆ ಅಡುಗೆ ನನ್ನದು. ತಂಜಿಯಾ ನಾನೇ ಮಾಡ್ತೀನಿ. ಒಬ್ಬನೇ."

ನನ್ನ ಹೆಂಡತಿ ಬತೂಲ್ ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾವತ್ತಾದ್ರೂ ಮಾಡಿದ್ದೀರಾ?"

"ನಲವತ್ತು ವರ್ಷದಿಂದ ಇನ್ನೇನು ಮಾಡ್ತಿದ್ದೀನಿ?"

"ಕಟುಕ ಹಮ್ಮಾದಿ ಮಡಕೆ ತುಂಬ್ತಾನೆ. ಊರ ಸ್ನಾನದ ಮನೆ ಹಮ್ಮಾಮಿನ ಒಲೆ ಕಾಯೋ ಫರಜಿ ಅದನ್ನ ಬೂದೀಲಿ ಹೂತು ಬೇಯಿಸ್ತಾನೆ. ನೀವು ಇಲ್ಲಿಂದ ಅಲ್ಲಿಗೆ ಹೊತ್ಕೊಂಡು ಹೋಗ್ತೀರಿ. ಅಷ್ಟನ್ನ ಕತ್ತೆಯೂ ಮಾಡುತ್ತೆ, ಅದೂ ಹೊಗಳಿಸಿಕೊಳ್ಳದೆ."

ಮಾತು ಎದೆಗೆ ನಾಟಿತು. ಮರಾಕೇಶಿನಲ್ಲಿ ತಂಜಿಯಾ ಎಂದರೆ ಗಂಡಸರ ಅಡುಗೆ. ಹೆಂಗಸರು ಆ ಮಡಕೆಯನ್ನು ಮುಟ್ಟುವುದಿಲ್ಲ. ನಮ್ಮ ಊರಿನ ಗಂಡಸಿನ ಮೀಸೆ ನಿಂತಿರುವುದೇ ಆ ಮಡಕೆಯ ಮೇಲೆ. ಅದಲ್ಲದೆ ಮರುದಿನದ ತೋಟದೂಟಕ್ಕೆ ಫೆಸ್ ನಗರದಿಂದ ನಮ್ಮ ಬೀಗರು, ಮಗಳ ಮಾವ, ಹಾಜಿ ಮುಫದ್ದಲ್ ಬರುವವರಿದ್ದರು. ಮರಾಕೇಶಿನ ಗಂಡಸರಿಗೆ ದೇವರು ಬಾಯಿ ಕೊಟ್ಟ, ಕೈ ಕೊಡಲಿಲ್ಲ ಎಂಬುದು ಹಾಜಿಯವರ ಹಳೆಯ ಸಿದ್ಧಾಂತ. ನಾನು ಫೋನಿನಲ್ಲಿ ಆಣೆ ಇಟ್ಟುಬಿಟ್ಟಿದ್ದೆ: "ನನ್ನ ಕೈಯಡುಗೆ ತಿಂದು ನೀವು ಭೇಷ್ ಅನ್ನದಿದ್ರೆ, ಇನ್ನು ಮುಂದೆ ನಿಮ್ಮೆದುರು ನಾನು ಬಾಯೇ ಬಿಡಲ್ಲ."

ನನ್ನಂಥವನ ಬಾಯಿ ಮುಚ್ಚಿಸುವುದೆಂದರೆ ಸಾಮಾನ್ಯವೇ? ಬಸ್ಸಿನ ಬ್ರೇಕು ಹೋದ ದಿನವೂ ಅದು ಮುಚ್ಚಿರಲಿಲ್ಲ.

"ಈ ಸಲ ತುಂಬೋದೂ ನಾನೇ" ಎಂದೆ.

"ಆಗಲಿ. ಹಾಗಾದ್ರೆ ಮಕ್ಕಳೂ ನಿಮ್ಮ ಜೊತೆಗೇ."

"ಅಡುಗೆ ಮಾಡುವಾಗ ಮಕ್ಕಳು ಯಾಕೆ?"

"ನಾನು ಮಾಡುವಾಗ ಇರ್ತಾರಲ್ಲ. ಅಡುಗೆ ಅಂದ್ರೆ ಅದೂ ಸೇರಿದ್ದೇ, ಡ್ರೈವರ್ ಸಾಹೇಬ್ರೇ."

ಮೊಮ್ಮಕ್ಕಳು ಇಬ್ಬರು. ಆರು ವರ್ಷದ ಶಾಮಾ ಹುಟ್ಟಾ ನ್ಯಾಯಾಧೀಶೆ. ಅವಳು ಕಲಿತ ಮೊದಲ ಪದ ಅಮ್ಮ, ಎರಡನೆಯದು ಅನ್ಯಾಯ. ನಾಲ್ಕು ವರ್ಷದ ಜಾದ್ ಅಷ್ಟು ಮಾತಾಡುವವನಲ್ಲ. ಕಂಡದ್ದನ್ನೆಲ್ಲ ಜೇಬಿಗೆ ಸೇರಿಸುವವನು. ಅವನ ಚಡ್ಡಿ ಒಗೆಯುವ ಮೊದಲು ಬತೂಲ್ ಪೊಲೀಸರಂತೆ ಜಪ್ತಿ ನಡೆಸುತ್ತಾಳೆ.

ಮೂವರೂ ಹಮ್ಮಾದಿಯ ಅಂಗಡಿಗೆ ಹೋದೆವು. ಅವನು ಎಂದಿನಂತೆ ಮಡಕೆಗೆ ಕೈ ಚಾಚಿದ.

"ಬೇಡ. ಬರೀ ಮಾಂಸ ಕೊಡು."

ಹಮ್ಮಾದಿಯ ಕತ್ತಿ ಗಾಳಿಯಲ್ಲಿಯೇ ನಿಂತಿತು. "ಅಲ್ಲಾಲ್, ಮನೇಲಿ ಎಲ್ಲಾ ಕ್ಷೇಮ ತಾನೇ?"

ಅಡುಗೆಮನೆಯಲ್ಲಿ ಮಡಕೆಯನ್ನು ನಡುವೆ ಇಟ್ಟುಕೊಂಡು ಕೂತೆವು. ಮಾಂಸ, ಬೆಳ್ಳುಳ್ಳಿ, ಜೀರಿಗೆ, ಕೇಸರಿ, ಘಾಟು ಹೊಡೆಯುವ ಹಳೆಯ ತುಪ್ಪ, ಉಪ್ಪಿನಲ್ಲಿ ಊರಿದ ನಿಂಬೆ; ಎಲ್ಲ ನನ್ನ ಕೈಯಿಂದಲೇ ಬಿತ್ತು. ಕೊನೆಗೆ ಒಂದು ಹಿಡಿ ಉಪ್ಪು ಹಾಕಿದೆ.

"ನಾನೂ ಹಾಕ್ತೀನಿ" ಎಂದಳು ಶಾಮಾ. ಒಂದು ಹಿಡಿ ಹಾಕಿದಳು.

ಜಾದ್ ತುಟಿ ಉಬ್ಬಿಸಿದ. ಅವನಿಗೂ ಒಂದು ಹಿಡಿ ಕೊಟ್ಟೆ.

"ಅವನ ಕೈ ನನ್ನದಕ್ಕಿಂತ ಚಿಕ್ಕದು ತಾತ. ಅವನಿಗೆ ಎರಡು ಹಿಡಿ ಕೊಡ್ಬೇಕು. ಇಲ್ದಿದ್ರೆ ಅನ್ಯಾಯ."

ನ್ಯಾಯಾಲಯದ ಆದೇಶ ಪಾಲಿಸಿದೆ. ನಿಂಬೆಯಲ್ಲಿ ಮೊದಲೇ ಉಪ್ಪಿದೆ ಎಂಬ ಸಂಗತಿ ಆಗ ನನ್ನ ನೆನಪಿನ ಯಾವ ನಿಲ್ದಾಣದಲ್ಲೂ ಇಳಿಯಲಿಲ್ಲ. ಮಡಕೆಯ ಬಾಯಿಗೆ ಕಾಗದ ಮುಚ್ಚಿ ದಾರ ಬಿಗಿದೆ. ಗುರುತಿಗೆ ಶಾಮಾ ತನ್ನ ಹೊಸ ಕೆಂಪು ರಿಬ್ಬನ್ನಿನ ಸುರುಳಿಯಿಂದ ಒಂದು ತುಂಡು ಕತ್ತರಿಸಿ ಹಿಡಿಗೆ ಕಟ್ಟಿದಳು. ಸುರುಳಿಯನ್ನೂ ಪುಟ್ಟ ಕತ್ತರಿಯನ್ನೂ ಮರುದಿನ ಜೊತೆಗೆ ತಂದಳು. ಏಕೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಶುಕ್ರವಾರ ಬೆಳಗ್ಗೆ ಹಮ್ಮಾಮಿನ ಹಿಂದಿನ ಒಲೆಕೋಣೆಯ ಮುಂದೆ ನಮ್ಮದೂ ಸೇರಿ ಒಂಬತ್ತು ಮಡಕೆಗಳು ಸಾಲಾಗಿ ಕೂತಿದ್ದವು. ಎಲ್ಲವೂ ಒಂದೇ ಕುಂಬಾರನ ಮಕ್ಕಳು. ಗುರುತು ಹಿಡಿಯಲು ಒಂದೊಂದಕ್ಕೆ ಒಂದೊಂದು ಚಿಂದಿ: ದರ್ಜಿ ಮಹ್ಜೂಬನದಕ್ಕೆ ಜರಿ ತುಂಡು, ನಿವೃತ್ತ ಪೊಲೀಸ್ ಬುಶ್ತಾನದಕ್ಕೆ ಖಾಕಿ ಪಟ್ಟಿ, ಇನ್ನೊಂದಕ್ಕೆ ತಾಮ್ರದ ತಂತಿ. ಮುದುಕ ಫರಜಿ ಸಲಿಕೆ ಹಿಡಿದು ಸಿದ್ಧನಾಗಿದ್ದ. ಅಷ್ಟರಲ್ಲಿ ಯಾರೋ ಕೇಳಿದರು, "ಅಲ್ಲಾಲ್, ಆ ಬ್ರೇಕು ಹೋದ ಕಥೆ ಹೇಳು."

ಹೇಳದೆ ಇರಲಾದೀತೇ? ಇಳಿಜಾರಿನಲ್ಲಿ ಬಸ್ಸು ಗಾಳಿಯಂತೆ ಹೋಗುತ್ತಿದ್ದುದು, ನಾನು "ಎಲ್ಲರೂ ಹಿಂದಕ್ಕೆ ವಾಲಿ ಉಸಿರು ಹಿಡೀರಿ" ಎಂದದ್ದು, ಅರವತ್ತು ಜನರೂ ಹಿಡಿದದ್ದು, ಅವರನ್ನು ನೋಡಿ ಮೇಲಿನ ಮೇಕೆಗಳೂ ಹಿಡಿದದ್ದು, ಬಸ್ಸು ಪ್ರಪಾತದ ಅಂಚಿನಲ್ಲಿ ನಾಚಿ ನಿಂತದ್ದು. ಉಳಿದ ಮಡಕೆಗಳ ಒಡೆಯರು ಎಂಟು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಫರಜಿ ಕಣ್ಣೀರು ಒರೆಸುತ್ತಲೇ ಮಡಕೆಗಳನ್ನು ಒಂದೊಂದಾಗಿ ಕತ್ತಲೆಯೊಳಗೆ ಒಯ್ದು ಬಿಸಿ ಬೂದಿಯಲ್ಲಿ ಕತ್ತಿನವರೆಗೆ ಹೂತ. ಮನೆಗೆ ಮರಳುವಾಗ ಜಾದ್‌ನ ಜೇಬುಗಳು ಉಬ್ಬಿ ಅವನು ಕಾಲಗಲಿಸಿ ನಡೆಯುತ್ತಿದ್ದ. ಶಾಮಾಳ ಸುರುಳಿ ಖಾಲಿಯಾಗಿತ್ತು. ನಾನು ಹಾಜಿಯವರು ಭೇಷ್ ಎನ್ನುವ ಧಾಟಿಯನ್ನು ಕಲ್ಪಿಸಿಕೊಳ್ಳುತ್ತಿದ್ದೆ.

ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ, ಮಕ್ಕಳನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಮತ್ತೆ ಅಲ್ಲಿಗೆ ಹೋದೆ. ಎಂಟು ಜನರೂ ಕಾದಿದ್ದರು. ಫರಜಿ ಮೊದಲ ಮಡಕೆಯನ್ನು ಬೆಳಕಿಗೆ ತಂದ. ಕೆಂಪು ರಿಬ್ಬನ್.

"ನನ್ನದು" ಎಂದೆ.

ಎರಡನೆಯದನ್ನು ತಂದ. ಕೆಂಪು ರಿಬ್ಬನ್.

ಮೂರನೆಯದು. ನಾಲ್ಕನೆಯದು. ಒಂಬತ್ತೂ ಹೊರಬಂದಾಗ ಒಲೆಕೋಣೆಯ ಮುಂದೆ ಒಂಬತ್ತು ಮದುಮಕ್ಕಳನ್ನು ಸಾಲಾಗಿ ಕೂರಿಸಿದಂತಿತ್ತು. ಫರಜಿ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಶಾಮಾ" ಎಂದೆ. ಗಾಡಿಯತ್ತ ತಿರುಗಿದೆ.

"ನಮ್ಮದಕ್ಕೆ ಮಾತ್ರ ಹೊಸ ರಿಬ್ಬನ್, ಬೇರೆಯವಕ್ಕೆಲ್ಲ ಹಳೇ ಚಿಂದಿ. ಪಾಪ ಅಲ್ವಾ ತಾತ? ನೀನು ಕಥೆ ಹೇಳ್ತಿದ್ಯಲ್ಲ, ಆಗ ಕಟ್ಟಿದೆ."

ಜಾದ್ ಎದ್ದು ನಿಂತು ಜೇಬಿನಿಂದ ಜರಿ ತುಂಡು, ಖಾಕಿ ಪಟ್ಟಿ, ತಾಮ್ರದ ತಂತಿ, ಎಲ್ಲವನ್ನೂ ತೆಗೆದು ತೋರಿಸಿದ. ಮತ್ತೆ ಜೋಪಾನವಾಗಿ ಒಳಗಿಟ್ಟುಕೊಂಡ.

"ಗಾಬರಿ ಬೇಡ" ಎಂದ ದರ್ಜಿ ಮಹ್ಜೂಬ್. "ರುಚಿ ನೋಡಿದ್ರೆ ನಂದು ನಂಗೆ ಗೊತ್ತಾಗುತ್ತೆ. ಅದರಲ್ಲಿ ನಮ್ಮ ಮುತ್ತಜ್ಜನ ಗುಟ್ಟಿದೆ." ಒಂದು ಮಡಕೆಯ ಕಾಗದ ಸರಿಸಿ ರೊಟ್ಟಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಇದೇ ನಂದು."

ಬುಶ್ತಾನೂ ಅದ್ದಿದ. "ಇದು ನಂದು ಕಣಯ್ಯಾ."

ಮಹ್ಜೂಬ್ ಎರಡನೆಯದನ್ನು ನೆಕ್ಕಿದ. ಅವನ ಮುಖ ಬಿಳಿಚಿತು. "ಇದೂ ನಂದೇ." ಮೂರನೆಯದೂ ಅವನದೇ. ನಾಲ್ಕನೆಯದು ಎಲ್ಲರದೂ. ಆಗ ಬುಶ್ತಾನೊಳಗಿನ ಪೊಲೀಸ್ ಎದ್ದುಕೂತ.

"ನಿಜ ಹೇಳಿಬಿಡಿ. ಹಮ್ಮಾದಿ ಅಂಗಡೀಲಿ ತುಂಬಿಸಿಕೊಂಡವರು ಯಾರ್ಯಾರು?"

ಒಂದೊಂದೇ ಕೈ ಮೇಲೆದ್ದಿತು. ಕೊನೆಗೆ ಅವನದೂ ಎದ್ದಿತು. "ಸರಿ, ಎಂಟು ಜನರ ಮುತ್ತಜ್ಜನೂ ಆ ಕಟುಕನೇ ಅಂತಾಯ್ತು. ಎಲ್ಲಾ ಒಂದೇ ಅಂದ್ಮೇಲೆ ಜಗಳ ಯಾಕೆ? ಕೈಗೆ ಸಿಕ್ಕಿದ್ದನ್ನ ಎತ್ಕೊಂಡು ನಡೀರಿ, ಮನೆಯವರು ತೋಟದಲ್ಲಿ ಕಾಯ್ತಿದ್ದಾರೆ."

ಓದುಗ ಮಹಾಶಯರೇ, ಆ ಕ್ಷಣ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಒಂಬತ್ತರಲ್ಲಿ ಎಂಟು ಪಾಲು ಅದೃಷ್ಟ ನನ್ನ ಕಡೆಗಿತ್ತು. ಆದರೆ ಈ ಬಾಯಿ ಯಾರದ್ದು?

"ನಿಲ್ಲಿ" ಎಂದೆ. "ಎಲ್ಲಾ ಒಂದೇ ಅಲ್ಲ. ಅದರಲ್ಲಿ ಒಂದನ್ನ ನಾನು ನನ್ನ ಕೈಯಾರೆ ತುಂಬಿದ್ದೀನಿ. ಅದನ್ನ ನಿಮಗೆ ಬಿಟ್ಟುಕೊಡೋಕೆ ನಾನೇನು ಹುಚ್ಚನಾ? ಹುಡುಕಿ. ನಾಲಿಗೆ ಮೇಲೆ ಇಟ್ಟ ಕೂಡಲೇ ಗೊತ್ತಾಗುತ್ತೆ."

ಹುಡುಕಿದರು. ಐದು, ಆರು, ಏಳು, ಎಂಟು, ಎಲ್ಲ ಹಮ್ಮಾದಿ. ಒಂಬತ್ತನೆಯದಕ್ಕೆ ಮಹ್ಜೂಬ್ ದೊಡ್ಡ ತುಂಡು ರೊಟ್ಟಿ ಅದ್ದಿ ಬಾಯಿ ತುಂಬ ಇಟ್ಟುಕೊಂಡ.

ಗೊತ್ತಾಯಿತು. ಅವನ ಹುಬ್ಬುಗಳು ಟೋಪಿಯೊಳಗೆ ಹೊಕ್ಕು ಮರೆಯಾದವು. ಒಂದು ಕಣ್ಣು ಮುಚ್ಚಿತು, ಇನ್ನೊಂದು ಮುಚ್ಚಲು ಮರೆಯಿತು. ಕೈ ಗಾಳಿಯಲ್ಲಿ ನೀರಿನ ಆಕಾರ ಬರೆಯಿತು. ಬುಶ್ತಾ ಇದು ವಿಷಪ್ರಾಶನವೇ ಎಂದು ಪರೀಕ್ಷಿಸಲು ಒಂದು ತೊಟ್ಟು ನೆಕ್ಕಿ, ಹಮ್ಮಾಮಿನ ಬಕೆಟ್ಟಿಗೆ ತಲೆಯನ್ನೇ ಹಾಕಿದ. ನಾನೂ ರುಚಿ ನೋಡಿದೆ. ಅಟ್ಲಾಂಟಿಕ್ ಸಾಗರವನ್ನು ಅರ್ಧಕ್ಕೆ ಇಂಗಿಸಿ, ಕೇಸರಿ ಹಾಕಿ ಕೊಟ್ಟಂತಿತ್ತು.

ನನ್ನ ಮುಖ ನೋಡಿ ಅವರಿಗೆ ಮರುಕ ಹುಟ್ಟಿರಬೇಕು. ಬೀಗರ ವಿಷಯ ಹೇಳಿದೆ, ಆಣೆಯ ವಿಷಯವನ್ನೂ ಹೇಳಿದೆ. ಎಂಟು ಜನರೂ ತಮ್ಮ ತಮ್ಮ ಮಡಕೆಯಿಂದ ಒಂದೊಂದು ಸೌಟು ತೆಗೆದು, ಫರಜಿಯ ಬಳಿಯಿದ್ದ ಖಾಲಿ ಮಡಕೆಗೆ ಹಾಕಿಕೊಟ್ಟರು.

"ಒಂದೇ ಷರತ್ತು" ಎಂದ ಬುಶ್ತಾ, ಗಡ್ಡದಿಂದ ನೀರು ಹಿಂಡುತ್ತ. "ಇನ್ಮೇಲೆ ನನ್ನ ಕೈ, ನನ್ನ ಕೈ ಅನ್ನೋದು ನಮ್ಮ ಕಿವಿಗೆ ಬೀಳಬಾರದು."

ಎದೆ ಮುಟ್ಟಿ ಒಪ್ಪಿದೆ. ನನ್ನ ಮಡಕೆಯನ್ನು ಗಾಡಿಯ ಪಕ್ಕಕ್ಕೆ ಸರಿಸಿಟ್ಟು ಮರೆತೆ. ದಾರಿಯಲ್ಲಿ ಮಕ್ಕಳಿಗೂ ಹೇಳಿದೆ, "ಅಲ್ಲಿ ಯಾರಿಗೂ ಏನೂ ಹೇಳ್ಬಾರ್ದು."

"ಸುಳ್ಳು ಹೇಳೋದು ಅನ್ಯಾಯ ತಾತ."

"ಸುಳ್ಳು ಅಲ್ಲ ತಾಯಿ, ಸುಮ್ಮನಿರೋದು."

"ಸುಮ್ಮನಿರ್ತೀನಿ" ಎಂದು ಶಾಮಾ ಮಾತು ಕೊಟ್ಟಳು. ಜಾದ್ ಗಾಡಿಯ ಮೂಲೆಯಲ್ಲಿ ಕಂಬಳಿಯ ಮೇಲೆ ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಕೂತಿದ್ದ. ಕಂಬಳಿಯ ಅಡಿಯಲ್ಲಿ ಏನಿದೆ ಎಂದು ನಾನು ನೋಡಲಿಲ್ಲ.

ಆಲಿವ್ ತೋಟದ ನೆರಳಿನಲ್ಲಿ ಬತೂಲ್ ಚಾಪೆ ಹಾಸಿದ್ದಳು. ಹಾಜಿಯವರು ದಿಂಬಿಗೊರಗಿ ಕೂತಿದ್ದರು. ಮಡಕೆಯನ್ನು ಹರಿವಾಣಕ್ಕೆ ಬಗ್ಗಿಸಿದೆ. ಹಾಜಿಯವರು ತಿಂದರು. ಮತ್ತೆ ತಿಂದರು. ಬೆರಳು ಚೀಪಿದರು. ಬಹಳ ಕಷ್ಟಪಟ್ಟು, ಹಲ್ಲು ಕಿತ್ತಿಸಿಕೊಳ್ಳುವವರಂತೆ, ಆ ಪದವನ್ನು ಹೊರಗೆ ತಂದರು: "ಭೇಷ್."

ಗೆದ್ದೆ! ಮತ್ತೆ ಅಲ್ಲೂ ಸುಮ್ಮನಿದ್ದಿದ್ದರೆ ಸಾಕಿತ್ತು.

"ಎಲ್ಲಾ ಈ ಕೈ ಹಾಜಿಯವರೇ, ಈ ಕೈ" ಎಂದು ಬಲಗೈಯನ್ನು ಧ್ವಜದಂತೆ ಎತ್ತಿದೆ. "ಇದರ ಹದ ಈ ಊರಲ್ಲಿ ಇನ್ನೊಬ್ಬನಿಗೆ ಬರಲಿ ನೋಡೋಣ."

ಸುತ್ತಲಿನ ಮರಗಳ ಕೆಳಗೆ ಎಂಟು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ಆಗಲೇ ನನಗೆ ನೆನಪಾದದ್ದು: ಊರಿನವರೆಲ್ಲ ಊಟಕ್ಕೆ ಬರುವುದು ಇದೇ ತೋಟಕ್ಕೆ.

"ಇನ್ನೊಂಚೂರು ಸಿಗುತ್ತಾ?" ಎಂದರು ಹಾಜಿಯವರು. ಹರಿವಾಣ ಬರಿದಾಗಿತ್ತು.

"ಇದೆ" ಎಂದ ಜಾದ್. ದಿನವಿಡೀ ಅವನು ಆಡಿದ ಮೊದಲ ಮಾತು ಅದು. ಗಾಡಿಯ ಕಂಬಳಿ ಎಳೆದು ಒಂಬತ್ತನೆಯ ಮಡಕೆಯನ್ನು ತಬ್ಬಿಕೊಂಡು ತಂದಿಟ್ಟ. "ಇದು ತಾತಂದು. ನೀವು ತಿಂದಿದ್ದು ಆ ಮಾಮಂದಿರದು."

ಬತೂಲ್ ಒಂದು ಚೂರು ರೊಟ್ಟಿ ಅದ್ದಿ ಬಾಯಿಗಿಟ್ಟಳು. ಮೂವತ್ತೈದು ವರ್ಷ ನನ್ನೊಡನೆ ಬಾಳಿದ ಹೆಂಗಸು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ನಿಧಾನವಾಗಿ ನುಂಗಿ ಸುತ್ತಲ ಮರಗಳನ್ನು ನೋಡಿದಳು. ಪ್ರತಿ ಮರದಡಿಯ ಮಡಕೆಯ ಕೊರಳಲ್ಲೂ ಕೆಂಪು ರಿಬ್ಬನ್.

"ಶಾಮಾ, ಅಲ್ಲೆಲ್ಲ ನಿನ್ನ ರಿಬ್ಬನ್ ಯಾಕಿದೆ?"

"ನಾನು ಸುಮ್ಮನಿರ್ತೀನಿ ಅಂತ ತಾತಂಗೆ ಮಾತು ಕೊಟ್ಟಿದ್ದೀನಿ ಅಜ್ಜಿ."

ಬತೂಲ್‌ಗೆ ಇನ್ನೇನೂ ಕೇಳುವುದಿರಲಿಲ್ಲ. ಹಾಜಿಯವರು ಮಡಕೆಯತ್ತ ಕೈ ಚಾಚಿದಾಗ ಅವಳು ಅದನ್ನು ನನ್ನ ಮುಂದಕ್ಕೆ ಸರಿಸಿದಳು.

"ಕ್ಷಮಿಸಿ ಹಾಜಿಯವರೇ, ಇದು ಬೇರೆಯವರಿಗಲ್ಲ. ಇವರ ಸ್ವಂತ ಕೈಯಡುಗೆ, ಇವರೇ ತಿನ್ನಬೇಕು." ತಟ್ಟೆ ತುಂಬ ಬಡಿಸಿದಳು. "ತಿನ್ನಿ ರೀ. ಬೀಗರು ನೋಡ್ತಿದ್ದಾರೆ."

ತಿಂದೆ. ಬೀಗರೆದುರು ಉಗುಳಲಾದೀತೇ? ಮೂರನೆಯ ತುತ್ತಿಗೆ ನನ್ನ ಕಿವಿಗಳು ಒಣಗಿದವು. ಅಷ್ಟರಲ್ಲಿ ಬುಶ್ತಾ ಬಂದ, ಕೈಯಲ್ಲಿ ಒಂದು ಹೂಜಿ ನೀರು. ನನ್ನ ಮುಂದಿಟ್ಟು ಎದೆ ಮುಟ್ಟಿ ನಮಸ್ಕರಿಸಿ ಹೋದ. ಅವನ ಹಿಂದೆ ಮಹ್ಜೂಬ್, ಇನ್ನೊಂದು ಹೂಜಿ. ಹೀಗೆ ಎಂಟು ಮರಗಳಿಂದ ಎಂಟು ಜನ ಗಂಭೀರವಾಗಿ ಮೆರವಣಿಗೆ ಬಂದರು.

"ಎಂಥ ಮರ್ಯಾದಸ್ತ ಜನ" ಎಂದರು ಹಾಜಿಯವರು ಬೆರಗಾಗಿ. "ಫೆಸ್‌ನಲ್ಲೂ ಇಂಥ ಉಪಚಾರ ನೋಡಿಲ್ಲ. ಅಲ್ಲ ಬೀಗರೇ, ಇಷ್ಟು ಹೊತ್ತಾಯ್ತು, ನಿಮ್ಮ ಮಾತೇ ಇಲ್ವಲ್ಲ?"

"ಅವರ ಬಾಯಿಗೆ ಇವತ್ತು ಬೇರೆ ಕೆಲಸ ಇದೆ" ಎಂದಳು ಬತೂಲ್.

ಮೂರು ಹೂಜಿ ಮುಗಿಸಿದ್ದೆ. ಹೊಟ್ಟೆ ತಮಟೆಯಾಗಿತ್ತು. ನಾಲ್ಕನೆಯದನ್ನು ದೂರ ಸರಿಸಿ, ಏನಾದರೂ ಒಂದು ಮಾತಾಡಿ ಮಾನ ಉಳಿಸಿಕೊಳ್ಳೋಣ ಎಂದು ಬಾಯಿ ತೆರೆದೆ. ಶಾಮಾ ಆ ಹೂಜಿಯನ್ನು ಎರಡೂ ಕೈಯಿಂದ ಎತ್ತಿ ಮತ್ತೆ ನನ್ನ ತುಟಿಗೆ ಹಿಡಿದಳು.

"ಮೂರು ಜನರದ್ದು ಕುಡಿದು ಐದು ಜನರದ್ದು ಬಿಟ್ರೆ ಅನ್ಯಾಯ ಅಲ್ವಾ ತಾತ?"