ಮೆಂತ್ಯ ಸೊಪ್ಪು ಎಪ್ಪತ್ತು ರೂಪಾಯಿ

ನೋಟು ಎಂಬ ಪದಾರ್ಥದ ಆಯುಷ್ಯ ಇನ್ನು ಐದೇ ವರ್ಷ, ಆಮೇಲೆ ಅದನ್ನು ನೋಡಬೇಕಾದರೆ ಮ್ಯೂಸಿಯಮ್ಮಿಗೆ ಟಿಕೆಟ್ ತೆಗೆದುಕೊಂಡು ಹೋಗಬೇಕು, ಆ ಟಿಕೆಟ್ಟಿನ ದುಡ್ಡನ್ನೂ ಫೋನಿನಲ್ಲೇ ಕೊಡಬೇಕು ಎಂದು ಸಂಗಮೇಶ ಭವಿಷ್ಯ ನುಡಿದದ್ದು ಕಾಡುಗೋಡಿಯ ತನ್ನ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ. ನುಡಿಯುವ ಅಧಿಕಾರ ಅವನಿಗಿತ್ತು. ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಕೂತು, ಜನ ಫೋನಿನಿಂದ ದುಡ್ಡು ಕಳಿಸುವ ವ್ಯವಸ್ಥೆಗೆ ಹನ್ನೊಂದು ವರ್ಷದಿಂದ ಹೆಗಲು ಕೊಟ್ಟವನು ಅವನು. ದುಡ್ಡು ಹೋದ ಮೇಲೆ ಪರದೆಯಲ್ಲಿ ಹಸಿರು ಗುರುತು ಬೀಳುತ್ತದಲ್ಲ, ಅದು ಬೇಗ ಬೀಳುವಂತೆ ನೋಡಿಕೊಳ್ಳುವುದು ಇವನ ಟೀಮಿನ ಕೆಲಸ. (ಬೀಳದೆ ಗಿರಗಿರ ತಿರುಗುತ್ತಲೇ ಇದ್ದರೆ ಅದು ಬೇರೆ ಟೀಮಿನದು.)

ಹೊರಗೆ ಭವಿಷ್ಯ ಹೇಳಿ ಬಂದವರು ಮನೆಯಲ್ಲಿ ತೆಪ್ಪಗೆ ಉಂಡು ಮಲಗಬೇಕು. ಸಂಗಮೇಶನಿಗೆ ಅಷ್ಟು ಬುದ್ಧಿ ಇರಲಿಲ್ಲ. ಚಪ್ಪಾಳೆಯ ಸದ್ದು ಕಿವಿಯಲ್ಲಿರುವಾಗಲೇ ಹೆಂಡತಿಯ ಮುಂದೆ ನಿಂತು ನಗದುರಹಿತ ಗೃಹರಾಜ್ಯದ ಸ್ಥಾಪನೆಯನ್ನು ಘೋಷಿಸಿಬಿಟ್ಟ.

“ಮಹಾನಂದಾ, ನಾಳಿಂದ ನಮ್ಮ ಮನ್ಯಾಗ ನೋಟು ಬಂದ್. ಒಂದ ಮನಿ, ಒಂದ ಖಾತೆ. ಯಾರು ಎಷ್ಟು ಖರ್ಚು ಮಾಡಿದ್ರೂ ಇಬ್ಬರ ಫೋನಿಗೂ ಮೆಸೇಜ್ ಬರ್ತೈತಿ.”

“ಈಗ ಇದ್ದದ್ದಕ್ಕ ಏನಾಗೇತ್ರಿ?”

“ಜಗತ್ತು ಎಲ್ಲಿ ಹೊಂಟೈತಿ ನೋಡು. ನೀ ಇನ್ನೂ ಜ್ವಾಳದ ಹಿಟ್ಟಿನ ಡಬ್ಬ್ಯಾಗ ರೊಕ್ಕ ಇಡ್ತಿ.”

ಈ ಮಾತು ಮಹಾನಂದಾಗೆ ನಾಟಿತು. ರಾಣೆಬೆನ್ನೂರಿನಿಂದ ಸೊಸೆಯಾಗಿ ಬಂದಾಗಿನಿಂದ ಆ ಡಬ್ಬಿಯಲ್ಲಿ ಅವಳು ಕೂಡಿಹಾಕಿದ್ದು ಹದಿನೆಂಟು ಸಾವಿರದ ನಾನೂರು ರೂಪಾಯಿ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗಲಿದೆ ಎಂಬುದು ಅವಳಿಗೂ ಆ ಡಬ್ಬಿಗೂ ಮಾತ್ರ ಗೊತ್ತಿದ್ದ ವಿಷಯ. “ಅದನ್ನೂ ಬ್ಯಾಂಕಿಗೆ ಹಾಕಬೇಕೇನು?” ಎಂದಳು. “ಅದನ್ನೂ” ಎಂದ ಇವನು. ಮೂರು ದಿನ ಗಂಡನ ತಟ್ಟೆಗೆ ರೊಟ್ಟಿ ಬಿದ್ದವೇ ಹೊರತು ಮಾತು ಬೀಳಲಿಲ್ಲ. ನಾಲ್ಕನೆಯ ದಿನ ಅವಳೇ ಬ್ಯಾಂಕಿಗೆ ಹೋಗಿ ಅಷ್ಟನ್ನೂ ಜಮಾ ಮಾಡಿ ಬಂದಳು. ಸಂಗಮೇಶ ಗೆದ್ದೆ ಎಂದುಕೊಂಡ. ಗಂಡಸು ಹೀಗಂದುಕೊಂಡ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು, ಮುಂದೆ ವಿಚಾರಣೆಗೆ ಅನುಕೂಲ.

ಅದಾಗಿ ತಿಂಗಳಿಗೆ ಆಫೀಸಿನಲ್ಲಿ ಎಲ್ಲರ ರಕ್ತಪರೀಕ್ಷೆ ನಡೆಯಿತು. ಸಂಗಮೇಶನ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ಡಾಕ್ಟರ್ ಶಶಿಕಲಾ ವರದಿ ನೋಡಿ, ಮಾತ್ರೆ ಬರೆದು, ಕರಿದದ್ದು, ಸಿಹಿ, ಮೈದಾ ಮೂರಕ್ಕೂ ತಿಲಾಂಜಲಿ ಕೊಡಿಸಿದರು. “ಮೂರು ತಿಂಗಳು ನೋಡೋಣ. ಆಗ್ಲೂ ಇಳೀದಿದ್ರೆ ದಿನಾ ಎರಡು ಹೊತ್ತು ಇಂಜೆಕ್ಷನ್ ಚುಚ್ಕೋಬೇಕಾಗುತ್ತೆ” ಎಂದರು. ಸೂಜಿಯ ಹೆಸರು ಕೇಳಿಯೇ ಸಂಗಮೇಶನ ಮುಖ ಬಿಳಿಚಿಕೊಂಡಿತು. ಮಹಾನಂದಾ ಮಾತ್ರ ತಣ್ಣಗೆ, “ಅದರ ಜವಾಬ್ದಾರಿ ನನಗ ಬಿಡ್ರಿ ಡಾಕ್ಟ್ರೇ” ಎಂದಳು.

ಈಗ ಒಂದು ಸತ್ಯ ಹೇಳಿಬಿಡಬೇಕು. ಸಂಗಮೇಶನಿಗೆ ಕುಡಿತವಿಲ್ಲ, ಸಿಗರೇಟಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ದೌರ್ಬಲ್ಯ, ಅದರ ಹೆಸರು ಮಿರ್ಚಿ. ಕಾಡುಗೋಡಿ ಮೆಟ್ರೊ ಇಳಿದರೆ ಎದುರಿಗೇ ಗದಗಿನ ಈರಪ್ಪನ ಗಾಡಿ. ಸಂಜೆ ಐದೂವರೆಗೆ ಅಲ್ಲಿ ಎಣ್ಣೆ ಕಾಯುತ್ತದೆ, ಆರಕ್ಕೆ ಮಿರ್ಚಿ ಏಳುತ್ತದೆ, ಪಕ್ಕದಲ್ಲಿ ಮಂಡಕ್ಕಿಯ ಗಿರ್ಮಿಟ್ಟು, ಅದರ ಪಕ್ಕ ಜಿಲೇಬಿ. ಪಥ್ಯದ ಎರಡನೇ ದಿನವೇ ಇವನ ಕಾಲು ಅತ್ತ ತಿರುಗಿತು. ಒಂದೇ ಒಂದು ಪ್ಲೇಟು ತಿಂದು ಮೂವತ್ತು ರೂಪಾಯಿ ಸ್ಕ್ಯಾನ್ ಮಾಡಿದ. ಹಸಿರು ಗುರುತು ಪೂರ್ತಿ ಮೂಡುವುದರೊಳಗೆ ಫೋನ್ ರಿಂಗಾಯಿತು.

“ಮೂವತ್ತು ರೂಪಾಯಿ ಯಾಕ ಹೋತ್ರಿ?”

“ಅದು... ಒಂದು ಪೆನ್ ತಗೊಂಡೆ.”

“ಈರಪ್ಪ ಮಿರ್ಚಿ ಸೆಂಟರ್‌ನ್ಯಾಗ ಪೆನ್ ಮಾರ್ತಾರೇನು?”

ಇಷ್ಟು ಬೇಗ ಮೆಸೇಜು ಮುಟ್ಟಿಸಿದ ತನ್ನ ಟೀಮಿನ ಕಾರ್ಯದಕ್ಷತೆಯನ್ನು ಸಂಗಮೇಶ ಮೊದಲ ಬಾರಿಗೆ ಮನಸಾರೆ ಶಪಿಸಿದ. ಅಂದಿನಿಂದ ಭಾನುವಾರಕ್ಕೊಮ್ಮೆ ಮನೆಯಲ್ಲಿ ಲೆಕ್ಕಪರಿಶೋಧನೆ ಶುರುವಾಯಿತು. ಮಹಾನಂದಾ ಆ್ಯಪಿನ ಒಳಹೊರಗನ್ನೆಲ್ಲ ಕಲಿತುಬಿಟ್ಟಳು. ಗಂಡನಿಗೇ ಗೊತ್ತಿಲ್ಲದ ಬಟನ್ ಒತ್ತಿ, ವಾರದ ಖರ್ಚನ್ನು ಬಣ್ಣಬಣ್ಣದ ಚಕ್ರ ಮಾಡಿ ತೋರಿಸುತ್ತಿದ್ದಳು. “ಈ ಕೇಸರಿ ಹೋಳು ಏನ್ರಿ ಇದು?” ಎಂದು ಕೇಳಿದರೆ ಇವನು ಬೆವರುತ್ತಿದ್ದ.

ನೋಟು ಬೇಕು. ಲೆಕ್ಕಕ್ಕೆ ಸಿಗದ, ಸುಳಿವು ಬಿಡದ, ಬಾಯಿ ಬಿಡದ ನೋಟು ಬೇಕು! ಎಟಿಎಮ್ಮಿನಲ್ಲಿ ತೆಗೆದರೆ ಅದಕ್ಕೂ ಮೆಸೇಜು ಹೋಗುತ್ತದೆ. ಆಫೀಸಿನ ಅಂಜನ್‌ನನ್ನು ಸಾಲ ಕೇಳಿದರೆ ಅವನು ನಕ್ಕು, “ನೋಟಾ? ನಮ್ಮಜ್ಜಿ ಹತ್ರ ಇರ್ಬೋದು ಗುರು, ಕೇಳಿ ಹೇಳ್ತೀನಿ” ಎಂದ. ವಾಚ್‌ಮನ್ನನ ಬಳಿ ಇಲ್ಲ, ಆಟೋದವನ ಬಳಿ ಇಲ್ಲ, ಪಾರ್ಕಿನ ಮುಂದೆ ಭಿಕ್ಷೆ ಬೇಡುವವನೂ ಕೊರಳಿಗೆ ಕ್ಯೂಆರ್ ಕೋಡು ನೇತುಹಾಕಿಕೊಂಡಿದ್ದ. ನೋಟು ಹೋಗಲಿ ಎಂದು ಹನ್ನೊಂದು ವರ್ಷ ದುಡಿದವನಿಗೆ ಅದು ನಿಜಕ್ಕೂ ಹೋಗಿದ್ದು ನೋಡಿ ಅಳು ಬಂತು.

ಕೊನೆಗೆ ಕಣ್ಣಿಗೆ ಬಿದ್ದವಳು ಮಾರಕ್ಕ. ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ಸೊಪ್ಪು, ತರಕಾರಿ ಮಾರುವವಳು, ಕಾಡುಗೋಡಿಯ ಹಳೇ ಮನೆತನದ ಹೆಂಗಸು. ಅಪಾರ್ಟ್‌ಮೆಂಟು ಎದ್ದಿರುವ ಜಾಗದಲ್ಲಿ ಅವಳ ಮಾವ ಸೊಪ್ಪು ಬೆಳೆಯುತ್ತಿದ್ದನಂತೆ, ಸೊಸೆ ಅದರ ಗೇಟಿನ ಮುಂದೆ ಸೊಪ್ಪು ಮಾರುತ್ತಾಳೆ. ಸೊಂಟದ ಎಲೆಅಡಿಕೆ ಚೀಲದಿಂದ ಅವಳು ನೋಟಿನ ಸುರುಳಿ ತೆಗೆದು ಯಾರಿಗೋ ಕೊಡುವುದನ್ನು ಸಂಗಮೇಶ ನೋಡಿದ. ಅವನಿಗೆ ಆ ಕ್ಷಣಕ್ಕೆ ಅನ್ನಪೂರ್ಣೇಶ್ವರಿಯನ್ನೇ ಕಂಡಷ್ಟು ಸಂತೋಷವಾಯಿತು.

“ಮಾರಕ್ಕಾ, ನಾನು ಮುನ್ನೂರು ಸ್ಕ್ಯಾನ್ ಮಾಡ್ತೀನಿ. ನೂರಕ್ಕೆ ತರಕಾರಿ ಕೊಡು, ಮಿಕ್ಕ ಇನ್ನೂರು ನೋಟು ಕೊಡು.”

ಮಾರಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾಕ್ ಸಾ, ಮನೇಲಿ ಊಟಕ್ಕಿಕ್ಕಾಕಿಲ್ವಾ?”

“ಹಾಗಲ್ಲ, ಒಂದು ಸ್ವಂತ ಖರ್ಚಿದೆ.”

“ನೂರೆಪ್ಪತ್ತು ಕೊಡ್ತೀನಿ.”

“ಮೂವತ್ತು ಯಾಕೆ ಹಿಡಿದೆ?”

“ಸೊಪ್ಪಿನ ಮಂಡಿಯಾಗೆ ಬೆಳಿಗ್ಗೆ ನಂಗೂ ನೋಟೇ ಬೇಕು ಸಾ. ನೋಟು ಏನ್ ಸುಮ್ಕೆ ಬತ್ತದಾ? ಬ್ಯಾಡ ಅಂದ್ರೆ ಬ್ಯಾಂಕ್‌ನಾಗೆ ತಕೊಳಿ, ಅಲ್ಲಿ ಕಮಿಸನ್ ಇಲ್ಲ.”

ನೂರಕ್ಕೆ ಹದಿನೈದು! ಇವನ ಕಂಪನಿಯಲ್ಲಿ ನೂರಕ್ಕೆ ಹತ್ತು ಪೈಸೆಯ ಶುಲ್ಕಕ್ಕೆ ಆರು ತಿಂಗಳು ಮೀಟಿಂಗು ನಡೆಯುತ್ತದೆ. ಸಂಗಮೇಶ ಇಲ್ಲಿ ಆರು ಸೆಕೆಂಡಿನಲ್ಲಿ ಒಪ್ಪಿದ. “ಇನ್ನೊಂದು ಮಾತು ಮಾರಕ್ಕಾ, ನಮ್ಮನೆಯವರು ಕೇಳಿದ್ರೆ ಮೆಂತ್ಯ ಎಪ್ಪತ್ತು ರೂಪಾಯಿ ಅನ್ನು.” ಮೆಂತ್ಯದ ಕಟ್ಟು ಇಪ್ಪತ್ತಕ್ಕಿತ್ತು. ಮಾರಕ್ಕ ಎಲೆಅಡಿಕೆ ಉಗುಳಿ, “ನನ್ ಬಾಯಿಂದ ಒಂದ್ ಮಾತೂ ಈಚೆಗೆ ಬರಾಕಿಲ್ಲ ಸಾ” ಎಂದು ಭಾಷೆ ಕೊಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ ಸುವರ್ಣಯುಗ. ಸಂಜೆ ವಾಕಿಂಗ್ ಎಂದು ಹೊರಟು, ಮಾರಕ್ಕನ ಬಳಿ ಸ್ಕ್ಯಾನ್ ಮಾಡಿ, ನೋಟನ್ನು ಕಾಲುಚೀಲದೊಳಗೆ ಸೇರಿಸಿ, ಈರಪ್ಪನ ಗಾಡಿಯಲ್ಲಿ ಎರಡು ಪ್ಲೇಟು ಮಿರ್ಚಿ, ಒಂದು ಗಿರ್ಮಿಟ್ಟು, ಮೇಲೊಂದು ಕಾಲು ಕೆಜಿ ಜಿಲೇಬಿ ಮುಗಿಸಿ, ಕೈಯಲ್ಲಿ ಹಾಗಲಕಾಯಿ ಹಿಡಿದುಕೊಂಡು ಸಂಗಮೇಶ ಮನೆಗೆ ಬರುತ್ತಿದ್ದ. ಮೊದಲು ಪಥ್ಯವಿಲ್ಲದಾಗ ವಾರಕ್ಕೆ ಎರಡು ಸಲ ತಿನ್ನುತ್ತಿದ್ದವನು, ಈಗ ಕದ್ದು ತಿನ್ನುವ ರುಚಿಗೆ ಬಿದ್ದು ದಿನವೂ ತಿಂದ. ಒಂದು ಶುಕ್ರವಾರ ‘ನಗದಿನ ಅಂತ್ಯ’ ಎಂಬ ವಿಷಯದ ಮೇಲೆ ಇನ್ನೂರು ಜನರ ಮುಂದೆ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟ. ಅಷ್ಟು ಹೊತ್ತೂ ಎಡಗಾಲಿನ ಕಾಲುಚೀಲದಲ್ಲಿ, ಅಂದು ಬೆಳಿಗ್ಗೆಯೇ ಮಾರಕ್ಕನಿಂದ ಪಡೆದಿದ್ದ ನೂರೆಪ್ಪತ್ತು ರೂಪಾಯಿ ಇತ್ತು.

ಮಹಾನಂದಾಳ ಲೆಕ್ಕದಲ್ಲಿ ಈಗ ಕೇಸರಿ ಹೋಳಿಲ್ಲ, ಚಕ್ರಕ್ಕೆ ಚಕ್ರವೇ ಹಸಿರು. ‘ಮಾರಕ್ಕ ತರಕಾರಿ, ಮುನ್ನೂರು. ಮಾರಕ್ಕ ತರಕಾರಿ, ಮುನ್ನೂರೈವತ್ತು.’

“ಮೆಂತ್ಯ ಎಷ್ಟ್ರಿ?”

“ಎಪ್ಪತ್ತು.”

“ಒಂದ ಕಟ್ಟಿಗೆ?”

“ಮಳಿ ಭಾಳ ಆಗೇತಂತ.”

ಮುಂದಿನ ವಾರ ಮಳೆ ಸಾಲದೆ ಬೆಲೆ ಏರಿತು. ಅದರ ಮುಂದಿನ ವಾರ ಲಾರಿ ಮುಷ್ಕರ. ಮಹಾನಂದಾ ಸರ್ಕಾರಕ್ಕೆ ಹಿಡಿಶಾಪ ಹಾಕುತ್ತ, ಅಷ್ಟು ದುಬಾರಿ ಸೊಪ್ಪಿನ ಒಂದೆಸಳೂ ವ್ಯರ್ಥವಾಗದಂತೆ ಪಲ್ಯ ಮಾಡಿ ಬಡಿಸಿದಳು. ಗಂಡನಿಗೆ ಬೇಜಾರಾಗದಿರಲಿ ಎಂದು ತಾನೂ ಚಹಾಕ್ಕೆ ಸಕ್ಕರೆ ಬಿಟ್ಟಳು. ಜಿಲೇಬಿ ತುಂಬಿದ ಹೊಟ್ಟೆಯ ಮೇಲೆ ಹಾಗಲಕಾಯಿ ಪಲ್ಯ ಇಳಿಸುವಾಗ, ಎದುರಿಗೆ ಅವಳು ಸಪ್ಪೆ ಚಹಾ ಕುಡಿಯುವುದನ್ನು ನೋಡಿ ಸಂಗಮೇಶನಿಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ನಾಳೆಯಿಂದ ಬಿಟ್ಟುಬಿಡುತ್ತೇನೆ ಎಂದು ಪ್ರತಿ ರಾತ್ರಿ ನಿಶ್ಚಯಿಸುತ್ತಿದ್ದ. ಆ ನಿಶ್ಚಯ ಮರುದಿನ ಐದೂವರೆಯವರೆಗೆ ಗಟ್ಟಿಯಾಗಿರುತ್ತಿತ್ತು.

ಮೂರು ತಿಂಗಳಾಯಿತು. ಮತ್ತೆ ರಕ್ತಪರೀಕ್ಷೆ. ಡಾಕ್ಟರ್ ಶಶಿಕಲಾ ಹೊಸ ವರದಿಯನ್ನು ಹಳೆಯದರ ಪಕ್ಕ ಇಟ್ಟು ಕನ್ನಡಕ ಸರಿಪಡಿಸಿಕೊಂಡರು. ಸಕ್ಕರೆ ಇಳಿದಿರಲಿಲ್ಲ, ಮಹಡಿ ಮೇಲೆ ಮಹಡಿ ಹತ್ತಿತ್ತು.

“ಏನ್ ತಿಂತಿದೀರಿ ನೀವು? ನಿಜ ಹೇಳಿ.”

ಸಂಗಮೇಶ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಹಾನಂದಾ ಫೋನ್ ತೆಗೆದು ಡಾಕ್ಟರ ಮುಂದಿಟ್ಟಳು. “ನೋಡ್ರಿ ಡಾಕ್ಟ್ರೇ. ಮೂರು ತಿಂಗಳ ಲೆಕ್ಕ. ಮೊದಲನೇ ವಾರದ ಮೂವತ್ತು ರೂಪಾಯಿ ಬಿಟ್ರ ಒಂದ ಒಂದು ಹೋಟೆಲ್ ಬಿಲ್ ತೋರಸ್ರಿ, ನನ್ನ ಹೆಸರು ಬದಲಿ ಮಾಡ್ತೀನಿ. ಬರೇ ಸೊಪ್ಪು, ಬರೇ ಕಾಯಿಪಲ್ಯ.”

ಡಾಕ್ಟರು ಪರದೆಯನ್ನು ಕೆಳಗಿನವರೆಗೂ ಸರಿಸಿದರು. ಎಷ್ಟು ಸರಿಸಿದರೂ ಮಾರಕ್ಕನೇ. “ತಿಂಗಳಿಗೆ ಹತ್ತು ಸಾವಿರದ ಸೊಪ್ಪಾ?” ಎಂದು ಅವರ ದನಿ ತಗ್ಗಿತು. “ಇಷ್ಟು ಕಟ್ಟುನಿಟ್ಟಾಗಿದ್ದೂ ಹೀಗೆ ಏರಿದೆ ಅಂದ್ರೆ ಮಾತ್ರೆಗೆ ಬಗ್ಗೋ ಕಾಯಿಲೆ ಅಲ್ಲ ಇದು. ನಾಳೆಯಿಂದ್ಲೇ ಇನ್ಸುಲಿನ್ ಶುರು ಮಾಡೋಣ. ಬೆಳಿಗ್ಗೆ ಒಂದು, ರಾತ್ರಿ ಒಂದು, ಹೊಟ್ಟೆಗೆ.”

ಈಗ ಹೇಳಿಬಿಡಬೇಕು ಎಂದು ಸಂಗಮೇಶ ಬಾಯಿ ತೆರೆದ. ಆಗ ಮಹಾನಂದಾ ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಹೊರಗಿನವರೆದುರು ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. “ಇವರ ಮ್ಯಾಲೆ ಸಂಶಯ ಪಟ್ಟೆ ಡಾಕ್ಟ್ರೇ ನಾನು. ಮೂವತ್ತು ರೂಪಾಯಿಗೆ ಪೋನ್ ಹಚ್ಚಿ ಬೈದೆ. ಇವರು ನೋಡಿದ್ರ ಸನ್ಯಾಸಿ ಹಂಗ ಬದುಕ್ಯಾರ.” ಸನ್ಯಾಸಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಮಹಾನಂದಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ವಿಡಿಯೋ ನೋಡಿ ಕಲಿತ ಪ್ರಕಾರ ಸೂಜಿ ಸಿದ್ಧಮಾಡಿಕೊಂಡು ಬಂದು ಮಂಚದ ಪಕ್ಕ ನಿಂತಳು. ಸೂಜಿಯ ತುದಿಯಲ್ಲಿ ಒಂದು ಹನಿ ಹೊಳೆಯುತ್ತಿತ್ತು. ಸಂಗಮೇಶನ ಧೈರ್ಯ ಅಲ್ಲಿಗೆ ಮುಗಿಯಿತು.

“ನಿಲ್ಲು! ಎಲ್ಲಾ ಹೇಳ್ತೀನಿ. ನಾನು ದಿನಾ ಮಿರ್ಚಿ ತಿಂದೀನಿ. ಎರಡು ಪ್ಲೇಟ್. ಜಿಲೇಬಿನೂ ತಿಂದೀನಿ. ಮಾರಕ್ಕಗ ಸ್ಕ್ಯಾನ್ ಮಾಡಿ ನೋಟ್ ಇಸ್ಕೊಂತಿದ್ದೆ. ಮೆಂತ್ಯ ಬರೇ ಇಪ್ಪತ್ತು ರೂಪಾಯಿ ಮಹಾನಂದಾ! ಮಳಿ ಸುಳ್ಳು, ಮುಷ್ಕರ ಸುಳ್ಳು, ಎಲ್ಲಾ ಸುಳ್ಳು!”

ಮಹಾನಂದಾ ಸೂಜಿ ಹಿಡಿದ ಕೈ ಇಳಿಸಿ ಮಂಚದ ಅಂಚಿಗೆ ಕೂತಳು. ಸಂಗಮೇಶ ಬೈಗುಳಕ್ಕೆ ಸಿದ್ಧನಾದ. ಬೈದರೂ ಸರಿ, ಊರಿಗೆ ಹೇಳಿದರೂ ಸರಿ, ಅದನ್ನು ಕೆಳಗಿಟ್ಟರೆ ಸಾಕು ಎಂದು ಅವನ ಪ್ರಾಣ ಬೇಡುತ್ತಿತ್ತು.

“ನೋಟ್ ಇಸ್ಕೊಂಡಿದ್ದಕ್ಕ ಏನರೆ ರಸೀದಿ ಐತೇನು?”

“ನೋಟಿಗೆ ಎಲ್ಲಿ ರಸೀದಿ?”

“ಮೆಸೇಜು?”

“ಬರೂದಿಲ್ಲ.”

“ಉಳಿದ ನೋಟರೆ ಒಂದು ತೋರಸ್ರಿ.”

ಕೊನೆಯ ನೋಟು ಮೊನ್ನೆ ಸಂಜೆಯೇ ಜಿಲೇಬಿಯಾಗಿ ಹೋಗಿತ್ತು. ಸಂಗಮೇಶ ಎದ್ದು ಬಾಲ್ಕನಿಗೆ ಓಡಿ ಕಟಕಟೆಯಿಂದ ಬಗ್ಗಿ ಕೂಗಿದ. “ಮಾರಕ್ಕಾ! ನೀನು ನನಗೆ ನೋಟು ಕೊಡ್ತಿದ್ದದ್ದು ಹೇಳಿಬಿಡು, ಪರವಾಗಿಲ್ಲ, ಹೇಳಿಬಿಡು!”

ಮಾರಕ್ಕ ತಲೆ ಎತ್ತಿದಳು. ಎರಡನೇ ಮಹಡಿಯಲ್ಲಿ ಬನಿಯನ್ ತೊಟ್ಟ ಗಂಡ, ಹಿಂದೆ ಸೂಜಿ ಹಿಡಿದ ಹೆಂಡತಿ. ಕೊಟ್ಟ ಭಾಷೆಗೆ ತಪ್ಪುವ ವಂಶ ಅವಳದ್ದಲ್ಲ.

“ನೋಟಾ? ನನ್ತಾವ ಎಲ್ಲೈತೆ ಸಾ ನೋಟು? ಈಗೆಲ್ಲಾ ಪೋನೇ ಅಲ್ವಾ?”

“ಮಾರಕ್ಕಾ, ಮೆಂತ್ಯ ಎಷ್ಟವ್ವಾ ಇವತ್ತು?” ಎಂದು ಮಹಾನಂದಾ ಕೇಳಿದಳು.

“ಎಪ್ಪತ್ತಕ್ಕಾ!”

ಮಹಾನಂದಾ ಗಂಡನ ಭುಜ ಹಿಡಿದು ಮಗುವನ್ನು ಕರೆದುಕೊಂಡು ಬರುವಂತೆ ಒಳಗೆ ಕರೆತಂದು ಮಂಚದ ಮೇಲೆ ಕೂರಿಸಿದಳು. ಅವಳ ಕಣ್ಣಲ್ಲಿ ಮತ್ತೆ ನೀರು ತುಂಬಿಕೊಂಡಿತ್ತು.

“ಸೂಜಿಗೆ ಅಂಜಿ ಇಷ್ಟು ದೊಡ್ಡ ಸುಳ್ಳು ಹೇಳೂದಾ? ತಿನ್ನಲಾರದ್ದನ್ನ ತಿಂದೀನಿ ಅಂತ ತಮ್ಮ ಮ್ಯಾಲೆ ತಾವ ಅಪವಾದ ಹೊರಿಸ್ಕೊಳ್ಳೂದಾ? ಪಾಪದ ಜೀವ ನಿಮ್ಮದು, ನನಗ ಗೊತ್ತಿಲ್ಲೇನು? ಹೂಂ, ಬನಿಯನ್ ಎತ್ರಿ.”

ಸಂಗಮೇಶ ಬನಿಯನ್ ಎತ್ತಿದ.